ಮಿಗ್-21 ಮಾಡೆಲ್‌ನ ಮೂತಿಯ ಕಡ್ಡಿ ಮುರಿದರೆ

1/72 ಅಳತೆಯ ಮಿಗ್-21 ಕಿಟ್‌ನಲ್ಲಿ ಎಲ್ಲಕ್ಕಿಂತ ಮೊದಲು ಮುರಿಯುವುದು ಮೂತಿಯಿಂದ ಮುಂದಕ್ಕೆ ಚಾಚಿರುವ ಪಿಟೋ ಕಡ್ಡಿ (ನಿಜವಾದ ವಿಮಾನದಲ್ಲಿ ವೇಗ ಅಳೆಯುವ ಕೊಳವೆ). ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಚೌಕಟ್ಟಿನಿಂದ ಬಿಡಿಸುವಾಗಲೇ ತುಂಡಾಗುತ್ತದೆ, ಇಲ್ಲವೇ ಬಣ್ಣವೆಲ್ಲ ಮುಗಿದ ಮೇಲೆ ಅಂಗಿಯ ತೋಳು ತಾಗಿ ಹೋಗುತ್ತದೆ. ಫೆವಿಕ್ವಿಕ್ ಹಚ್ಚಿ ಕೂರಿಸಿದರೆ ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಕಳಚುತ್ತದೆ.

ಮುರಿದ ಮುಖ 1 ಮಿ.ಮೀ. ಅಗಲವೂ ಇರುವುದಿಲ್ಲ. ಉದ್ದನೆಯ ಕಡ್ಡಿಯ ತುದಿಗೆ ಬೆರಳು ತಾಗಿದರೆ ಸಾಕು, ಸನ್ನೆಕೋಲು ಮೀಟಿದ ಹಾಗೆ ಬಲವೆಲ್ಲ ಬುಡಕ್ಕೆ ಬೀಳುತ್ತದೆ. ಸೂಪರ್ ಗ್ಲೂ ನೇರ ಎಳೆತವನ್ನು ತಡೆದುಕೊಳ್ಳುತ್ತದೆ; ಪಕ್ಕಕ್ಕೆ ಮೀಟಿದರೆ ಸಿಡಿದುಬಿಡುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ ನಿಜ, ಆದರೆ ಬೆಸೆಯಲು ಅಲ್ಲಿ ಜಾಗವೇ ಇಲ್ಲ. ಮುಖದ ಮೇಲೆ ಬಣ್ಣ ಕೂತಿದ್ದರಂತೂ ಅದು ಪ್ಲಾಸ್ಟಿಕ್ಕನ್ನೇ ಮುಟ್ಟುವುದಿಲ್ಲ. ಹಾಗಾಗಿ ಅಂಟನ್ನೇ ನಂಬಿ ಕೂರಬೇಡಿ, ಭಾಗಕ್ಕೆ ಬೇರು ಕೊಡಿ. ಮೈಯೊಳಗೆ 5-6 ಮಿ.ಮೀ. ಇಳಿದ ಲೋಹದ ಬೇರು ಅಂಟಿಲ್ಲದೆಯೂ ನಿಲ್ಲುತ್ತದೆ.

ಮೊದಲು ನಿಮ್ಮ ಮಿಗ್ ಯಾವುದೆಂದು ನೋಡಿಕೊಳ್ಳಿ. ನಮ್ಮ ವಾಯುಪಡೆಯಲ್ಲಿ 1963ರಿಂದ 2025ರ ಸೆಪ್ಟೆಂಬರ್ 26ರವರೆಗೆ ಹಾರಿದ ಈ ವಿಮಾನದ ಎಲ್ಲ ಮಾದರಿಗಳಲ್ಲೂ ಕಡ್ಡಿ ಒಂದೇ ಕಡೆ ಇರಲಿಲ್ಲ. ಆರಂಭದ ಎಫ್-13ರಲ್ಲಿ ಅದು ಮೂತಿಯ ಕೆಳಗೆ. ಟೈಪ್ 77 ಎಂದು ಕರೆಯುವ ಎಫ್‌ಎಲ್‌ನಲ್ಲಿ ಮೇಲ್ಭಾಗದ ನಟ್ಟನಡುವೆ. ಟೈಪ್ 96 ಮತ್ತು ಬಿಸ್ ಎಂಬ ನಂತರದ ಮಾದರಿಗಳಲ್ಲಿ ಮೇಲೆಯೇ, ಆದರೆ ಪೈಲಟ್‌ನ ಬಲಕ್ಕೆ ಸರಿದಿರುತ್ತದೆ. ರಂಧ್ರ ಕೊರೆದ ಮೇಲೆ ಈ ತಪ್ಪು ಗೊತ್ತಾದರೆ ತಿದ್ದುವುದು ಬಹಳ ಕಷ್ಟ.

ಹೊಸ ಕಡ್ಡಿಗೆ ಬೇಕಾದದ್ದು ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ: 21 ಗೇಜ್ (ಹಸಿರು ಬುಡ) ಮತ್ತು 26 ಗೇಜ್ (ಕಂದು ಬುಡ) ಇಂಜೆಕ್ಷನ್ ಸೂಜಿ, ಒಂದೊಂದು. 21ರ ಹೊರ ವ್ಯಾಸ ಸುಮಾರು 0.82 ಮಿ.ಮೀ., ಒಳ ವ್ಯಾಸ 0.51. 26ರ ಹೊರ ವ್ಯಾಸ 0.46. ಒಂದರೊಳಗೆ ಇನ್ನೊಂದು ಸಲೀಸಾಗಿ ಇಳಿಯುತ್ತದೆ. ಬುಡ ದಪ್ಪ, ತುದಿ ತೆಳು ಇರುವ ಕಡ್ಡಿ ತಾನೇ ಸಿದ್ಧ. 26ರ ಸೂಜಿ ಸಾಮಾನ್ಯವಾಗಿ ಅರ್ಧ ಇಂಚಿನದು, ಚೂಪು ತುದಿ ಕಳೆದರೆ 10 ಮಿ.ಮೀ. ಸಿಗಬಹುದು. ಅದಕ್ಕಿಂತ ಉದ್ದ ಬೇಕಾದರೆ 0.4 ಮಿ.ಮೀ. ದಪ್ಪದ ಗಿಟಾರ್ ತಂತಿ ಹಾಕಿ. ಕಿಟ್‌ನ ಮುರಿದ ತುಂಡುಗಳನ್ನು ಜೋಡಿಸಿಟ್ಟು ಉದ್ದ ಅಳೆದುಕೊಂಡ ನಂತರವೇ ಎಸೆಯಿರಿ.

ಸೂಜಿಯನ್ನು ಕಟ್ಟರ್‌ನಿಂದ ಕತ್ತರಿಸಬೇಡಿ, ಕೊಳವೆ ಚಪ್ಪಟೆಯಾಗುತ್ತದೆ. ತ್ರಿಕೋನ ಅರದ ಅಂಚಿನಿಂದ ಸುತ್ತಲೂ ಗೀರು ಹಾಕಿ, ಎರಡು ಇಕ್ಕಳದಲ್ಲಿ ಹಿಡಿದು ಮುರಿಯಿರಿ. ಕೈ ಪ್ಲಾಸ್ಟಿಕ್ ಚೀಲದೊಳಗೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಸ್ಟೀಲ್ ಚೂರು ಎತ್ತ ಹಾರುತ್ತದೆಂದು ಹೇಳಲಾಗದು. ಸೂಜಿ ಹೊಸದೇ ಆಗಿರಬೇಕು.

ಕೊರೆಯುವ ಕೆಲಸಕ್ಕೆ ಅವಸರ ಸಲ್ಲದು. ಮೂತಿಯಲ್ಲಿ ಮುರಿದ ಬುಡವನ್ನು ಅರದಿಂದ ಸಮ ಮಾಡಿ, ನಡುವೆ ಸೂಜಿಮೊನೆಯಿಂದ ಒಂದು ಕುಳಿ ಒತ್ತಿ. ಕುಳಿ ಇಲ್ಲದಿದ್ದರೆ ಕೊರೆಯುವ ಬಿಟ್ ಜಾರಿ ಪಕ್ಕಕ್ಕೆ ಹೋಗುತ್ತದೆ. ಪಿನ್ ವೈಸ್‌ಗೆ (ಬೆರಳಲ್ಲಿ ತಿರುಗಿಸುವ ಪುಟ್ಟ ಕೈ ಡ್ರಿಲ್) 0.4 ಮಿ.ಮೀ. ಬಿಟ್ ಹಾಕಿ ಬೆರಳಲ್ಲೇ ತಿರುಗಿಸಿ. ಎರಡು ಸುತ್ತಿಗೊಮ್ಮೆ ಹೊರತೆಗೆದು ಹುಡಿ ಒರೆಸಿ. ಒಮ್ಮೆ ಮೇಲಿನಿಂದ, ಒಮ್ಮೆ ಪಕ್ಕದಿಂದ ನೋಡಿ ಬಿಟ್ ನೇರವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಅದೇ ದಾರಿಯಲ್ಲಿ 0.8 ಬಿಟ್. ಮೋಟಾರ್ ಡ್ರಿಲ್ ಬೇಡ, ಬಿಸಿಗೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಮಿಗ್‌ನ ಗಾಳಿಬಾಯಿಯ ಅಂಚು ತೆಳ್ಳಗಿರುವುದರಿಂದ ಬಿಟ್ ಒಳಗೋಡೆ ಸೀಳಿ ಹೊರಬರುವುದುಂಟು. ಬಂದರೆ ಗಾಬರಿಯಾಗಬೇಡಿ: ಸೂಪರ್ ಗ್ಲೂಗೆ ಟಾಲ್ಕಂ ಪೌಡರ್ ಕಲಸಿ ತುಂಬಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಹೆಚ್ಚು ದಿನ ಬಿಟ್ಟರೆ ಅದು ಸುತ್ತಲ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜಿದಷ್ಟೂ ಪಕ್ಕದ ಪ್ಲಾಸ್ಟಿಕ್ಕೇ ಸವೆಯುತ್ತದೆ.

ಎರಡು ಸೂಜಿಗಳ ನಡುವೆ ಮಾತ್ರ ಒಂದು ಚುಕ್ಕೆ ಸೂಪರ್ ಗ್ಲೂ ಸಾಕು, ತೆಳು ಸೂಜಿ ದಪ್ಪ ಸೂಜಿಯೊಳಗೆ 3 ಮಿ.ಮೀ. ಇಳಿದಿರಲಿ. ಮೂತಿಯ ರಂಧ್ರಕ್ಕೆ ಅಂಟು ಹಾಕದಿರುವುದೇ ಮೇಲು: ಸಾಗಿಸುವಾಗ ಕಡ್ಡಿಯನ್ನು ಎಳೆದು ಬೇರೆ ಇಡಬಹುದು. ಬಣ್ಣಕ್ಕೆ ಮೊದಲು ಸೂಜಿಯನ್ನು 600 ನಂಬರಿನ ಎಮರಿ ಪೇಪರ್‌ನಲ್ಲಿ ತಿಕ್ಕಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪ್ರೈಮರ್ ಹೊಡೆಯಿರಿ. ನುಣುಪು ಸ್ಟೀಲಿನ ಮೇಲೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ.

ಲ್ಯಾಂಡಿಂಗ್ ಗೇರ್ ಕಾಲು ಮುರಿದರೂ ಉಪಾಯ ಇದೇ, ಆದರೆ 0.5 ಮಿ.ಮೀ. ಹಿತ್ತಾಳೆ ತಂತಿ ಸಾಕು. ಎರಡೂ ತುಂಡಿನ ರಂಧ್ರಗಳು ಎದುರುಬದುರಾಗಿ ಸೇರಬೇಕಲ್ಲ, ಅದಕ್ಕೆ ಒಂದು ತುಂಡಿನಲ್ಲಿ ಮೊದಲು ಕೊರೆದು, ತಂತಿಯನ್ನು ಕೂದಲೆಳೆಯಷ್ಟು ಮಾತ್ರ ಹೊರಗಿಟ್ಟು ತುದಿಗೆ ಬಣ್ಣ ಮುಟ್ಟಿಸಿ ಇನ್ನೊಂದು ತುಂಡಿಗೆ ಒತ್ತಿ. ಬಿದ್ದ ಚುಕ್ಕೆಯೇ ಕೊರೆಯುವ ಜಾಗ. ಒಂದೊಂದು ಕಡೆ 3 ಮಿ.ಮೀ. ಆಳ ಕೊಡಿ. ಇಲ್ಲಿ ಸೂಪರ್ ಗ್ಲೂ ಬದಲು ಐದು ನಿಮಿಷದ ಎಪಾಕ್ಸಿ ಬಳಸಿ, ಕಾಲನ್ನು ನೆಟ್ಟಗೆ ಮಾಡಲು ಸಮಯ ಸಿಗುತ್ತದೆ. ಮಾಡೆಲ್ ಹಿಂದಕ್ಕೆ ವಾಲದಿರಲೆಂದು ಮೂತಿಗೆ ಸೀಸ ತುಂಬಿದ್ದರೆ ಮುಂಗಾಲಿಗೆ ಮುರಿಯುವ ಮೊದಲೇ ತಂತಿ ಹಾಕಿಡಿ.

ಮೈಮೇಲೆ ಚಪ್ಪಟೆ ರೆಕ್ಕೆಯಂತೆ ನಿಲ್ಲುವ ಬ್ಲೇಡ್ ಆಂಟೆನಾಗೆ ಕೂಲ್‌ಡ್ರಿಂಕ್ ಕ್ಯಾನಿನ ತಗಡು ಒಳ್ಳೆಯದು. ಆಕಾರದ ಕೆಳಗೆ 1.5 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ, ಮೈಯಲ್ಲಿ 0.4ರ ಎರಡು ರಂಧ್ರ ಅಕ್ಕಪಕ್ಕ ಕೊರೆದು ಚಾಕುಮೊನೆಯಿಂದ ಒಂದಾಗಿಸಿ, ಆ ಸೀಳಿನೊಳಗೆ ಇಳಿಸಿ.

ಕ್ಯಾನಪಿಯ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಹತ್ತಿರ ಸೂಪರ್ ಗ್ಲೂ ತೆರೆಯಲೇಬೇಡಿ. ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಅಲ್ಲಿಗೆ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ. ತಪ್ಪಿ ಬಿದ್ದ ಸೂಪರ್ ಗ್ಲೂ ತೆಗೆಯಲು ನೇಲ್ ಪಾಲಿಶ್ ರಿಮೂವರ್ ಕೈಗೆತ್ತಿಕೊಳ್ಳಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಅಂಟಿನ ಜತೆ ವಿಮಾನವೂ ಕರಗುತ್ತದೆ.