ಯಾವ ಜಾಬ್ ಮೊದಲು? ಪೀಣ್ಯದ ಶಾಪಿನಲ್ಲಿ ಶೆಡ್ಯೂಲಿಂಗ್ ಮಾಡಿದ ನನ್ನ ಅನುಭವ

ಎಂ.ಟೆಕ್‌ನಲ್ಲಿ ನನ್ನ ಪ್ರಾಜೆಕ್ಟ್ ಜಾಬ್ ಶಾಪ್ ಶೆಡ್ಯೂಲಿಂಗ್ ಮೇಲಿತ್ತು, ಅಂದರೆ ಯಾವ ಜಾಬ್ ಯಾವ ಮಷೀನಿನಲ್ಲಿ ಯಾವಾಗ ಅಂತ ಸಾಲು ಹಾಕುವ ಲೆಕ್ಕ. ಆಮೇಲೆ ಸೇರಿದ್ದು ಪೀಣ್ಯದ ಒಂದು ಮಷೀನಿಂಗ್ ಶಾಪಿನ ಪ್ಲಾನಿಂಗ್ ವಿಭಾಗಕ್ಕೆ. ವಿಭಾಗ ಅಂದರೆ ನಾನೊಬ್ಬನೇ. ಶಾಪಿನಲ್ಲಿ 6 ವಿಎಂಸಿ (ಕಂಪ್ಯೂಟರ್ ನಡೆಸುವ, ಅಂದರೆ ಸಿಎನ್‌ಸಿ, ಮಿಲ್ಲಿಂಗ್ ಮಷೀನು), 4 ಸಿಎನ್‌ಸಿ ಲೇತ್, 2 ಗ್ರೈಂಡಿಂಗ್ ಮಷೀನು. ವಾಲ್ವ್ ಬಾಡಿ, ಪಂಪಿನ ಶಾಫ್ಟ್, ಫ್ಲೇಂಜ್, ಹೀಗೆ ಸಣ್ಣ ಸಣ್ಣ ಲಾಟುಗಳ ಕೆಲಸ. ಯಾವಾಗ ನೋಡಿದರೂ ಐವತ್ತು ಅರವತ್ತು ಜಾಬ್ ಕಾರ್ಡುಗಳು ನಡೆಯುತ್ತಲೇ ಇರುತ್ತಿದ್ದವು. ನಾನು ಬರುವ ಮೊದಲು ಯಾವ ಜಾಬ್ ಯಾವಾಗ ಅನ್ನುವುದನ್ನೆಲ್ಲ ಸೂಪರ್‌ವೈಸರ್ ತಲೆಯಲ್ಲೇ ಇಟ್ಟುಕೊಂಡಿದ್ದರು. ಸಾಲದ್ದಕ್ಕೆ ಗೋಡೆಯ ಮೇಲೊಂದು ವೈಟ್‌ಬೋರ್ಡ್. ಅವರ ನಿಯಮ ಒಂದೇ: ಯಾವ ಕಸ್ಟಮರ್ ಫೋನಿನಲ್ಲಿ ಜೋರಾಗಿ ಕೂಗುತ್ತಾರೋ ಅವರ ಜಾಬ್ ಮೊದಲು. ನಗಬೇಡಿ. ಅದೂ ಒಂದು ಪ್ರಯಾರಿಟಿ ರೂಲೇ.

ಈ ಸಮಸ್ಯೆ ಎಷ್ಟು ಕಷ್ಟ ಅಂತ ಮೊದಲು ಹೇಳಿಬಿಡುತ್ತೇನೆ. ಒಂದೇ ಮಷೀನಿನ ಮುಂದೆ 10 ಜಾಬ್ ಕಾಯುತ್ತಿದ್ದರೆ ಅವನ್ನು ಸಾಲಾಗಿ ಜೋಡಿಸಲು 36,28,800 ದಾರಿಗಳಿವೆ. 1963ರಲ್ಲಿ ಫಿಶರ್ ಮತ್ತು ಥಾಂಪ್ಸನ್ ಅನ್ನುವವರು 10 ಜಾಬ್, 10 ಮಷೀನಿನ ಒಂದು ಲೆಕ್ಕ ಪ್ರಕಟಿಸಿದರು. ಕಾಗದದ ಮೇಲೆ ಅದು ಒಂದು ಪುಟ್ಟ ಟೇಬಲ್, ಅಷ್ಟೆ. ಅದರ ಅತ್ಯುತ್ತಮ ಉತ್ತರ, ಅಂದರೆ ಎಲ್ಲ ಜಾಬ್ ಮುಗಿಸಲು ಬೇಕಾದ ಅತಿ ಕಡಿಮೆ ಸಮಯ, 930 ಅಂತ ಕಾರ್ಲಿಯೆ ಮತ್ತು ಪಿನ್ಸನ್ ಸಾಧಿಸಿ ತೋರಿಸಿದ್ದು 1989ರಲ್ಲಿ. ಅಷ್ಟು ವರ್ಷ ಎಷ್ಟೋ ಜನ ಅದರ ಹಿಂದೆ ಬಿದ್ದಿದ್ದರು. ಈಗ ಗೂಗಲ್‌ನ ಓಆರ್-ಟೂಲ್ಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಸಿಪಿ-ಸ್ಯಾಟ್ ಅಂತ ಒಂದು ಸಾಲ್ವರ್, ಅಂದರೆ ಇಂಥ ಲೆಕ್ಕ ಬಿಡಿಸುವ ಪ್ರೋಗ್ರಾಂ, ಇದೆ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಅದು ಇದೇ ಲೆಕ್ಕವನ್ನು ಬೇಗ ಮುಗಿಸಿಬಿಡುತ್ತದೆ.

ಹಾಗಾದರೆ ನಮ್ಮ ಶಾಪಿನ ಕೆಲಸ ಸುಲಭ ಅಲ್ವಾ? ಜಾಬ್ ಕಾರ್ಡಿನ ಸಮಯಗಳನ್ನೆಲ್ಲ ಸಾಲ್ವರ್‌ಗೆ ತುಂಬಿಸಿದರೆ ಯಾವ ಮಷೀನಿನಲ್ಲಿ ಯಾವಾಗ ಯಾವ ಜಾಬ್ ಅಂತ ತೋರಿಸುವ ಅಂದವಾದ ಗ್ಯಾಂಟ್ ಚಾರ್ಟ್ ಬರುತ್ತಿತ್ತು. ಆದರೆ ಬೆಳಗಿನ ಟೀ ಹೊತ್ತಿಗೆ ಅದು ಬರೀ ಗೋಡೆಯ ಚಿತ್ರವಾಗಿರುತ್ತಿತ್ತು. ಒಂದು ಕಡೆ ಕಾಸ್ಟಿಂಗ್‌ನಲ್ಲಿ ಬ್ಲೋಹೋಲ್ (ಎರಕದೊಳಗಿನ ಗಾಳಿಗುಳಿ), ಇನ್ನೊಂದು ಕಡೆ ಇನ್‌ಸರ್ಟ್ (ಟೂಲಿನ ಕತ್ತರಿಸುವ ತುದಿ) ಸ್ಟಾಕ್ ಇಲ್ಲ, ಮತ್ತೊಂದು ಕಡೆ ಆಪರೇಟರ್ ಊರಿಗೆ ಹೋಗಿದ್ದಾನೆ. ಇವೆಲ್ಲ ಎಲ್ಲಾ ಶಾಪಿನಲ್ಲೂ ಇರುವವೇ. ನನಗೆ ಜಾಸ್ತಿ ಮುಖ್ಯವಾಗಿ ಕಂಡಿದ್ದು ಬೇರೆ. ಕಾರ್ಡಿನ ಮೇಲಿದ್ದ ಸಮಯಗಳೇ ನಿಜವಾದವಲ್ಲ.

ಅದರಲ್ಲೂ ಸೆಟ್ಟಿಂಗ್ ಸಮಯ, ಅಂದರೆ ಮಷೀನನ್ನು ಮುಂದಿನ ಜಾಬಿಗೆ ಸಿದ್ಧ ಮಾಡುವ ಹೊತ್ತು. ಕಾರ್ಡಿನಲ್ಲಿ ಎಲ್ಲದಕ್ಕೂ 1 ಗಂಟೆ ಅಂತ ಬರೆದಿತ್ತು. ಆ ಕೆಲಸ ಮಾಡುವ ಹಿರಿಯ ಸೆಟ್ಟರ್ ಒಬ್ಬರನ್ನು ಕೇಳಿದೆ, "ಅಣ್ಣ, ಈ ಫ್ಲೇಂಜ್ ಸೆಟ್ಟಿಂಗ್‌ಗೆ ನಿಜವಾಗಿ ಎಷ್ಟು ಹೊತ್ತು ಬೇಕು?"

"ಯಾವ ಜಾಬ್ ಆದ್ಮೇಲೆ ಅಂತ ಹೇಳಿ ಸಾರ್, ಆಮೇಲೆ ಹೇಳ್ತೀನಿ."

ಸೀಕ್ವೆನ್ಸ್ ಡಿಪೆಂಡೆಂಟ್ ಸೆಟಪ್ ಅಂತ ನಾನು ಪುಟಗಟ್ಟಲೆ ಬರೆದಿದ್ದೆ. ಅವರು ಒಂದೇ ಮಾತಿನಲ್ಲಿ ಹೇಳಿದರು. ಫ್ಲೇಂಜ್ ಆದ ಮೇಲೆ ಇನ್ನೊಂದು ಫ್ಲೇಂಜ್ ಬಂದರೆ ಜಾ (ಜಾಬನ್ನು ಕಚ್ಚಿ ಹಿಡಿಯುವ ಹಲ್ಲು) ಬದಲಿಸಬೇಕಿಲ್ಲ. ಆಫ್‌ಸೆಟ್ ತಿದ್ದಿ, ಪ್ರೋಗ್ರಾಂ ಕರೆದರೆ ಇಪ್ಪತ್ತು ನಿಮಿಷದಲ್ಲಿ ಫಸ್ಟ್ ಪೀಸ್. ಅದೇ ಶಾಫ್ಟ್ ಆದ ಮೇಲೆ ಫ್ಲೇಂಜ್ ಬಂದರೆ ಜಾ ಬಿಚ್ಚಿ, ಬೋರ್ ಮಾಡಿ, ಟೂಲ್ ಬದಲಿಸುವಷ್ಟರಲ್ಲಿ ಒಂದೂವರೆ ಗಂಟೆ. ಹೀಗೆ ಸಮಯ ಹಿಂದಿನ ಜಾಬಿನ ಮೇಲೆ ನಿಂತ ಕೂಡಲೇ, ಒಂದೇ ಮಷೀನಿನ ಲೆಕ್ಕವೂ ಊರೂರು ಸುತ್ತುವ ಸೇಲ್ಸ್‌ಮನ್ನಿಗೆ ಅತಿ ಚಿಕ್ಕ ದಾರಿ ಹುಡುಕುವ ಹಳೇ ಲೆಕ್ಕದಷ್ಟೇ ಕಷ್ಟವಾಗುತ್ತದೆ. ಅರವತ್ತು ಜಾಬಿಗೆ ಅರವತ್ತು ಸಾಲು, ಅರವತ್ತು ಕಾಲಮಿನ ಟೇಬಲ್ ಯಾರು ತುಂಬುತ್ತಾರೆ? ಆ ಸೆಟ್ಟರ್ ಜೊತೆ ಕೂತು ಜಾಬುಗಳನ್ನೆಲ್ಲ 8 ಗುಂಪು ಮಾಡಿದೆವು. ಒಂದೇ ಫಿಕ್ಸ್ಚರ್ (ಜಾಬನ್ನು ಕೂರಿಸಿ ಹಿಡಿಯುವ ಚೌಕಟ್ಟು), ಒಂದೇ ಥರದ ಟೂಲ್ ಬೇಕಾದವು ಒಂದು ಗುಂಪು. ಈ ಗುಂಪಿನಿಂದ ಆ ಗುಂಪಿಗೆ ಹೋಗಲು ಎಷ್ಟು ಹೊತ್ತು ಅಂತ 64 ಮನೆಯ ಒಂದು ಟೇಬಲ್. ನನ್ನ ಇಡೀ ಕೆಲಸದಲ್ಲಿ ಅತಿ ಬೆಲೆಬಾಳುವ ವಸ್ತು ಅಂದರೆ ಆ ಎಕ್ಸೆಲ್ ಶೀಟು. ಸಾಲ್ವರ್ ಅಲ್ಲ.

ಮುಂದಿನ ತೊಡಕು, ಏನನ್ನು ಕಡಿಮೆ ಮಾಡಬೇಕು ಅನ್ನುವುದು. ಸಂಶೋಧನೆಯಲ್ಲಿ ಹೆಚ್ಚಿನವರು ಮೇಕ್‌ಸ್ಪ್ಯಾನ್ ಹಿಡಿಯುತ್ತಾರೆ, ಅಂದರೆ ಎಲ್ಲ ಜಾಬ್ ಮುಗಿಯುವ ಹೊತ್ತು. ನಮ್ಮಲ್ಲಿ ಎಲ್ಲ ಜಾಬ್ ಮುಗಿಯುವುದು ಅಂತ ಒಂದು ಗಳಿಗೆಯೇ ಇಲ್ಲ. ದಿನಾ ಹೊಸದು ಬರುತ್ತದೆ. ಓನರ್‌ಗೆ ಕೇಳಿದರೆ "ಲೇಟ್ ಆಗಬಾರದು ಕಣ್ರೀ" ಅಂದರು. ಸರಿ, ಆದರೆ ಯಾವ ಲೇಟ್? ಅತಿ ತಡವಾದ ಜಾಬ್ ತೀರಾ ಎಳೆಯಬಾರದು ಅಂದರೆ ಡೆಲಿವರಿ ದಿನಾಂಕದ ಪ್ರಕಾರ ಸಾಲು ಹಾಕಿದರೆ ಸಾಕು. ಒಂದು ಮಷೀನಿನ ಮಟ್ಟಿಗೆ ಅದೇ ಸರಿ ಅಂತ ಜ್ಯಾಕ್ಸನ್ 1955ರಲ್ಲೇ ತೋರಿಸಿದ್ದಾರೆ. ತಡವಾಗುವ ಜಾಬುಗಳ ಸಂಖ್ಯೆ ಕಡಿಮೆ ಇರಬೇಕು ಅಂದರೆ ಉತ್ತರ ಬೇರೆ. ಅದಕ್ಕೆ ಮೂರ್ 1968ರಲ್ಲಿ ಒಂದು ಚೆಂದದ ದಾರಿ ಕೊಟ್ಟರು. ದಿನಾಂಕದ ಪ್ರಕಾರ ಸಾಲು ಹಾಕುತ್ತಾ ಹೋಗಿ. ಯಾವುದಾದರೂ ತಡವಾಯಿತು ಅಂದ ಕೂಡಲೇ, ಅಲ್ಲಿಯವರೆಗಿನವುಗಳಲ್ಲಿ ಅತಿ ಉದ್ದದ ಜಾಬನ್ನು ಎತ್ತಿ ಕೊನೆಗೆ ಹಾಕಿ. ಹೀಗೇ ಮುಂದುವರಿಸಿ.

ಲೆಕ್ಕ ಅಪ್ಪಟ ಸರಿ. ಆದರೆ ಕೊನೆಗೆ ಎಸೆದ ಆ ಉದ್ದದ ಜಾಬ್ ಯಾರದ್ದು? ಬಹುತೇಕ ಸಲ ನಮ್ಮ ಅತಿ ದೊಡ್ಡ ಕಸ್ಟಮರ್‌ದು! ದೊಡ್ಡ ಆರ್ಡರ್ ಕೊಡುವವರು ಅವರೇ ತಾನೇ. ಹೇಗೂ ತಡವಾಯಿತು, ಇನ್ನು ಎಷ್ಟು ತಡವಾದರೇನು ಅಂತ ಸೂತ್ರ ಹೇಳುತ್ತದೆ. ಪರ್ಚೇಸ್ ಮ್ಯಾನೇಜರ್ ಹಾಗೆ ಹೇಳುವುದಿಲ್ಲ. ಕೊನೆಗೆ ನಾವು ಒಪ್ಪಿಕೊಂಡಿದ್ದು ಪ್ರತಿ ಜಾಬಿಗೂ 1ರಿಂದ 5ರವರೆಗೆ ಒಂದು ತೂಕ ಕೊಟ್ಟು, ತಡವಾದ ದಿನಗಳನ್ನು ಅದರಿಂದ ಗುಣಿಸಿ, ಒಟ್ಟು ಮೊತ್ತ ಕಡಿಮೆ ಮಾಡುವುದು. ತೂಕ ಕೊಡುವ ಹಕ್ಕು ಓನರ್‌ದು, ವಾರಕ್ಕೊಮ್ಮೆ ಮಾತ್ರ. ನನ್ನ ಪ್ರಕಾರ ಈ "ವಾರಕ್ಕೊಮ್ಮೆ ಮಾತ್ರ" ಅನ್ನುವುದೇ ಅರ್ಧ ಕೆಲಸ ಮಾಡಿತು.

ಸರಳ ಸೂತ್ರ ಹಾಗೇ ಕೆಲಸಕ್ಕೆ ಬಂದ ಜಾಗವೂ ಉಂಟು. ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಬೇಡದ ಶಾಫ್ಟುಗಳು ಒಂದು ಲೇತಿನಿಂದ ನೇರ ಒಂದು ಗ್ರೈಂಡಿಂಗ್ ಮಷೀನಿಗೆ ಹೋಗುತ್ತವೆ. ಇದಕ್ಕೆ ಜಾನ್ಸನ್ 1954ರಲ್ಲಿ ಕೊಟ್ಟ ನಿಯಮವಿದೆ. ಎಲ್ಲ ಸಮಯಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದು ಮೊದಲ ಮಷೀನಿನದಾದರೆ ಆ ಜಾಬ್ ಸಾಲಿನ ಮುಂದಕ್ಕೆ, ಎರಡನೆಯದರದ್ದಾದರೆ ಹಿಂದಕ್ಕೆ. ಅದನ್ನು ತೆಗೆದು, ಉಳಿದವಕ್ಕೂ ಹಾಗೇ ಮಾಡಿ. ನಾಲ್ಕು ಜಾಬ್ ಇವೆ ಅನ್ನಿ. ಎ: ಲೇತಿನಲ್ಲಿ 3 ಗಂಟೆ, ಗ್ರೈಂಡಿಂಗ್ 6. ಬಿ: 5 ಮತ್ತು 2. ಸಿ: 1 ಮತ್ತು 2. ಡಿ: 6 ಮತ್ತು 6. ಬಂದ ಸಾಲಿನಲ್ಲೇ ಹಾಕಿದರೆ 21 ಗಂಟೆ ಹಿಡಿಯುತ್ತದೆ. ಸಿ, ಎ, ಡಿ, ಬಿ ಅಂತ ಹಾಕಿದರೆ 18 ಗಂಟೆ. ಕಾಗದ ಪೆನ್ನು ಸಾಕು. ಇದನ್ನು ಸೂಪರ್‌ವೈಸರ್‌ಗೆ ತೋರಿಸಿದ ದಿನದಿಂದ ಆ ಎರಡು ಮಷೀನಿನ ಸಾಲು ಅವರೇ ಹಾಕುತ್ತಾರೆ. ಆದರೆ ಮೂರನೇ ಮಷೀನು ಸೇರಿತೋ, ಇಂಥ ಸುಲಭದ ದಾರಿ ಮುಗಿಯಿತು. ಮೂರು ಮಷೀನಿನ ಲೆಕ್ಕ ಎನ್‌ಪಿ-ಹಾರ್ಡ್, ಅಂದರೆ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಜಾತಿಯದು, ಅಂತ 1976ರಲ್ಲೇ ಸಾಬೀತಾಗಿದೆ.

ಕಂಪ್ಯೂಟರ್ ಕಡೆಯಿಂದ ತಂದ ಎರಡು ವಿಷಯ ಈಗ ಹೇಳುತ್ತೇನೆ. ಆಪರೇಟಿಂಗ್ ಸಿಸ್ಟಮ್ ಕೂಡ ಇದೇ ಲೆಕ್ಕ ಮಾಡುತ್ತದೆ. ಜಾಬ್ ಬದಲು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ), ಮಷೀನಿನ ಬದಲು ಸಿಪಿಯು. ಒಂದೇ ದೊಡ್ಡ ವ್ಯತ್ಯಾಸ, ಸಿಪಿಯು ಒಂದು ಕೆಲಸವನ್ನು ನಡುವೆ ನಿಲ್ಲಿಸಿ ಇನ್ನೊಂದಕ್ಕೆ ಹೋಗಲು ಕೆಲವು ಮೈಕ್ರೋಸೆಕೆಂಡು ಸಾಕು. ನಮ್ಮ ವಿಎಂಸಿಯಲ್ಲಿ ಜಾಬ್ ನಡುವೆ ಇಳಿಸಿದರೆ ಗಂಟೆಗಟ್ಟಲೆ ಹೋಯಿತು. ಮತ್ತೆ ಏರಿಸಿದಾಗ ಡೇಟಮ್ (ಅಳತೆ ಶುರುವಾಗುವ ಬಿಂದು) ಅದೇ ಜಾಗಕ್ಕೆ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಅದಕ್ಕೇ "ಅರ್ಜೆಂಟ್, ಅದನ್ನ ಇಳಿಸಿ ಇದನ್ನ ಹಾಕಿ" ಅನ್ನುವ ಮಾತಿಗೆ ನಾನು ಒಪ್ಪುವುದೇ ಇಲ್ಲ. ನಡೆಯುತ್ತಿರುವ ಲಾಟ್ ಮುಗಿಯಲಿ.

ಆ ಎರಡರಲ್ಲಿ ಮೊದಲನೆಯದು ಏಜಿಂಗ್, ಅಂದರೆ ಕಾದಷ್ಟೂ ಪ್ರಯಾರಿಟಿ ಏರುವುದು. ಚಿಕ್ಕ ಜಾಬ್ ಮೊದಲು ಅನ್ನುವ ನಿಯಮ ಸರಾಸರಿ ಕಾಯುವಿಕೆಯನ್ನು ಚೆನ್ನಾಗಿ ಇಳಿಸುತ್ತದೆ. 8, 1, 2 ಗಂಟೆಯ ಮೂರು ಜಾಬನ್ನು ಅದೇ ಸಾಲಿನಲ್ಲಿ ಮಾಡಿದರೆ ಮುಗಿಯುವ ಸರಾಸರಿ 9 ಗಂಟೆ ದಾಟುತ್ತದೆ. 1, 2, 8 ಅಂತ ಮಾಡಿದರೆ 5 ಗಂಟೆ. ಆದರೆ ದಿನಾ ಚಿಕ್ಕವು ಬರುತ್ತಲೇ ಇದ್ದರೆ ಉದ್ದದ್ದು ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ನಮ್ಮಲ್ಲಿ ಅಕ್ಷರಶಃ ತುಕ್ಕು. ಅದಕ್ಕೆ ಕಾದ ಪ್ರತಿ ದಿನಕ್ಕೂ ಜಾಬಿನ ತೂಕ ತಾನಾಗೇ ಸ್ವಲ್ಪ ಏರುವ ಹಾಗೆ ಮಾಡಿದೆ.

ಎರಡನೆಯದು ನನಗೆ ತುಂಬ ಇಷ್ಟ. 1997ರಲ್ಲಿ ನಾಸಾದ ಪಾತ್‌ಫೈಂಡರ್ ಮಂಗಳ ಗ್ರಹದ ಮೇಲೆ ಇಳಿದ ಮೇಲೆ ಅದರ ಕಂಪ್ಯೂಟರ್ ಪದೇ ಪದೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ನೋಡುವ ಕೆಳ ದರ್ಜೆಯ ಕೆಲಸವೊಂದು ಒಂದು ಬೀಗ (ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ ಸಿಗುವ ಸಾಫ್ಟ್‌ವೇರ್ ಬೀಗ) ಹಿಡಿದುಕೊಂಡಿತ್ತು. ಅತಿ ಮುಖ್ಯ ಕೆಲಸಕ್ಕೆ ಅದೇ ಬೀಗ ಬೇಕು. ಬೀಗ ಹಿಡಿದದ್ದು ಬೇಗ ಮುಗಿಸಿ ಬಿಡೋಣ ಅಂದರೆ ನಡುವಿನ ದರ್ಜೆಯ ಕೆಲಸಗಳು ಬಂದು ಅದನ್ನು ಹಿಂದಕ್ಕೆ ತಳ್ಳುತ್ತಿದ್ದವು. ಮುಖ್ಯವಾದದ್ದು ಹೊತ್ತಿಗೆ ಸರಿಯಾಗಿ ಆಗದೆ ರೀಸೆಟ್. ಇದಕ್ಕೆ ಪ್ರಯಾರಿಟಿ ಇನ್‌ಹೆರಿಟೆನ್ಸ್ ಅನ್ನುವ ಮದ್ದು ಮೊದಲೇ ಇತ್ತು. ಶಾ, ರಾಜ್‌ಕುಮಾರ್, ಲೆಹೋಸ್ಕಿ ಮೂವರ 1990ರ ಪ್ರಬಂಧದಲ್ಲಿ ಅದರ ವಿವರ ಇದೆ. (ಈ ರಾಜ್‌ಕುಮಾರ್ ನಮ್ಮ ಅಣ್ಣಾವ್ರಲ್ಲ ಬಿಡಿ.) ಬೀಗ ಹಿಡಿದಿರುವಷ್ಟು ಹೊತ್ತು ಆ ಕೆಳ ದರ್ಜೆಯ ಕೆಲಸಕ್ಕೇ ಮೇಲಿನ ದರ್ಜೆ ಕೊಡುವುದು. ಭೂಮಿಯಿಂದಲೇ ಆ ಬದಲಾವಣೆ ಕಳಿಸಿ ಸರಿ ಮಾಡಿದರು.

ನಮ್ಮ ಶಾಪಿನಲ್ಲಿ ರೋಟರಿ ಟೇಬಲ್ (ಜಾಬನ್ನು ಹಿಡಿದು ತಿರುಗಿಸುವ ಮೇಜು) ಇದ್ದದ್ದು ಒಂದೇ. ಅರ್ಜೆಂಟ್ ವಾಲ್ವ್ ಬಾಡಿಗೆ ಅದು ಬೇಕು. ಅದೋ, ಯಾರಿಗೂ ಅವಸರವಿಲ್ಲದ ಒಂದು ಜಾಬಿಗೆ ಸಿಕ್ಕಿಕೊಂಡು ಇನ್ನೊಂದು ವಿಎಂಸಿಯ ಮೇಲೆ ಕೂತಿದೆ. ಆ ಜಾಬಿಗೆ ಎರಡು ಪೀಸ್ ಬಾಕಿ. ಆದರೆ ಅವಸರವಿಲ್ಲ ಅಂತ ಅದರ ಆಪರೇಟರ್‌ನನ್ನು ಮಧ್ಯಮ ಅವಸರದ ಬೇರೆ ಮಷೀನಿಗೆ ಕಳಿಸಿದ್ದಾರೆ. ಮಂಗಳದ ಮೇಲೆ ಆದದ್ದೇ ಇಲ್ಲೂ ಆಗುತ್ತಿತ್ತು. ಎಲ್ಲರೂ ಬೆವರು ಸುರಿಸುತ್ತಿದ್ದಾರೆ, ಅತಿ ಅರ್ಜೆಂಟ್ ಜಾಬ್ ಮಾತ್ರ ನಿಂತಿದೆ. ನಾವು ಮಾಡಿದ್ದು ಇಷ್ಟೆ. ಅರ್ಜೆಂಟ್ ಜಾಬಿನ ಕೆಂಪು ಟ್ಯಾಗನ್ನು ಅದಕ್ಕೆ ಬೇಕಾದ ಫಿಕ್ಸ್ಚರ್ ಅಥವಾ ಗೇಜ್ ಹಿಡಿದುಕೊಂಡಿರುವ ಜಾಬಿಗೂ ಕಟ್ಟುವುದು. ಅದು ಬಿಟ್ಟುಕೊಟ್ಟ ಕೂಡಲೇ ಟ್ಯಾಗ್ ಬಿಚ್ಚುವುದು. ಹುಡುಗರಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಇದನ್ನೆಲ್ಲ ನೋಡುತ್ತಾ ಇನ್ನೊಂದು ಸ್ಪಷ್ಟವಾಯಿತು. ನಾವು ಮಷೀನುಗಳಿಗೆ ಶೆಡ್ಯೂಲ್ ಹಾಕುತ್ತಿದ್ದೆವು, ಕೊರತೆ ಇದ್ದದ್ದು ಸೆಟ್ಟರ್‌ಗಳದ್ದು. ಹತ್ತು ಸಿಎನ್‌ಸಿ ಮಷೀನಿಗೆ ಶಿಫ್ಟಿಗೆ ಇಬ್ಬರೇ. ಒಂದೇ ಹೊತ್ತಿಗೆ ಮೂರು ಮಷೀನಿನ ಲಾಟ್ ಮುಗಿದರೆ ಮೂರನೆಯದು ಸುಮ್ನೆ ನಿಂತಿರುತ್ತದೆ. ಹಾಗಾಗಿ ಸಾಲ್ವರ್‌ನಲ್ಲಿ ಸೆಟ್ಟಿಂಗನ್ನೇ ಒಂದು ಬೇರೆ ಕೆಲಸವಾಗಿ ಬರೆದೆ. ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ಸೆಟ್ಟಿಂಗ್ ನಡೆಯಬಾರದು ಅಂತ ಷರತ್ತು. ರಾತ್ರಿ 10ರ ಮೇಲೆ ಸೆಟ್ಟರ್ ಇಲ್ಲ, ಆಪರೇಟರ್ ಮಾತ್ರ. ಅದಕ್ಕೆ ಇನ್ನೊಂದು ಷರತ್ತು: ಸೆಟ್ಟರ್ ಮನೆಗೆ ಹೋಗುವ ಮೊದಲು ಪ್ರತಿ ಮಷೀನಿನ ಮೇಲೂ ಬೆಳಗಿನವರೆಗೆ ಓಡುವಷ್ಟು ಉದ್ದದ ಲಾಟ್ ಇರಬೇಕು, ಅದರ ಫಸ್ಟ್ ಪೀಸ್ ಅಪ್ರೂವಲ್ ಆಗಿರಬೇಕು. ಸೂಪರ್‌ವೈಸರ್ ಮೊದಲೂ ಇದನ್ನು ಅಂದಾಜಿನ ಮೇಲೆ ಮಾಡುತ್ತಲೇ ಇದ್ದರು. ಈಗ ಪ್ಲಾನೇ ಅದನ್ನು ಮಾಡುತ್ತದೆ. ರಾತ್ರಿ ನಿಂತಿರುವ ಮಷೀನುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಆ ಹೊತ್ತಿಗೇ ಓನರ್ ಇನ್ನೊಂದು ವಿಎಂಸಿ ಕೊಳ್ಳುವ ಯೋಚನೆಯಲ್ಲಿದ್ದರು. ಹಳೇ ಜಾಬುಗಳನ್ನೇ ಲೆಕ್ಕಕ್ಕೆ ಹಾಕಿ ಓಡಿಸಿ ನೋಡಿದೆ. ಹೊಸ ಮಷೀನು ಕೊಟ್ಟದ್ದು ಅಲ್ಪ ಲಾಭ. ಒಬ್ಬ ಒಳ್ಳೆಯ ಆಪರೇಟರ್‌ನನ್ನು ಸೆಟ್ಟರ್ ಮಾಡಿದರೆ ಅದಕ್ಕಿಂತ ಜಾಸ್ತಿ. ಮಷೀನು ಹೆಚ್ಚಿಸಿದರೆ ಒಟ್ಟು ಸಮಯವೇ ಹೆಚ್ಚಾಗುವ ಉದಾಹರಣೆಯನ್ನು ಗ್ರಹಾಂ ಅನ್ನುವವರು 1966ರಲ್ಲಿ ತೋರಿಸಿದ್ದರು ಅಂತ ಹೇಳಿದಾಗ ಓನರ್ ನಂಬಲಿಲ್ಲ. ಆದರೂ ಹುಡುಗನಿಗೆ ಸೆಟ್ಟಿಂಗ್ ಕಲಿಸಲು ಒಪ್ಪಿದರು.

ಪ್ಲಾನ್ ಬದಲಿಸುವುದಕ್ಕೂ ಮಿತಿ ಹಾಕಿದ್ದೇವೆ. ಸಾಲ್ವರ್ ದಿನಕ್ಕೊಮ್ಮೆ, ಮಧ್ಯಾಹ್ನ ಓಡುತ್ತದೆ. ಮುಂದಿನ ಎರಡು ಶಿಫ್ಟ್ ಮುಟ್ಟುವಂತಿಲ್ಲ. ಎರಡು ನಿಮಿಷದಲ್ಲಿ ಸಿಕ್ಕಿದ್ದೇ ಉತ್ತರ. ಅತ್ಯುತ್ತಮ ಅಂತ ಸಾಬೀತಾಗುವವರೆಗೆ ಕಾಯುವುದಿಲ್ಲ. ನಾಳೆ ಕಾಸ್ಟಿಂಗ್ ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗ ಕೊನೆಯ ಒಂದು ಪರ್ಸೆಂಟಿಗೆ ಒದ್ದಾಡಿ ಏನು ಪ್ರಯೋಜನ?

ಇನ್ನೂ ಸರಿಹೋಗದೆ ಉಳಿದಿರುವುದು ಹೊರಗಿನ ಹೀಟ್ ಟ್ರೀಟ್‌ಮೆಂಟ್. ಇಎನ್ 353 ಅನ್ನುವ ಉಕ್ಕಿನ ಶಾಫ್ಟುಗಳು ಕೇಸ್ ಹಾರ್ಡನಿಂಗ್‌ಗೆ (ಹೊರಮೈ ಗಟ್ಟಿ ಮಾಡಲು) ಹೋಗಬೇಕು. ಅವರ ಫರ್ನೇಸ್ ಲೋಡ್ ತುಂಬಿದರೆ ಮಾತ್ರ ಹೊತ್ತಿಸುತ್ತಾರೆ. ಅದು ಯಾವಾಗ ತುಂಬುತ್ತದೆ ಅನ್ನುವುದು ಬೇರೆ ಶಾಪುಗಳ ಕೈಯಲ್ಲಿದೆ. ನನ್ನ ಮಾಡೆಲ್ಲಿಗೆ ಅದು ಕಾಣುವುದಿಲ್ಲ. ಸದ್ಯಕ್ಕೆ ಬುಧವಾರದೊಳಗೆ ಟರ್ನಿಂಗ್ ಮುಗಿದ ಶಾಫ್ಟುಗಳನ್ನೆಲ್ಲ ಒಟ್ಟಿಗೆ ಕಳಿಸುತ್ತೇವೆ. ಶನಿವಾರ ಕೊಡುತ್ತೇವೆ ಅನ್ನುತ್ತಾರೆ. ಪ್ಲಾನಿನಲ್ಲಿ ನಾನು ಗ್ರೈಂಡಿಂಗ್‌ಗೆ ಸೋಮವಾರ ಅಂತಲೇ ಬರೆಯುತ್ತೇನೆ.