ಬೆಟ್ಟ ಮೊದಲು, ಕಾಲೇಜು ಆಮೇಲೆ: ಮೌಂಟನ್ ಬೈಕ್ ಸೀಸನ್ ಕೂಡಿಸಿದ ನನ್ನ ಅನುಭವ

2018ರ ಸೀಸನ್‌ಗೆ ಆರು ರೇಸ್ ವಾರಾಂತ್ಯ ಘೋಷಿಸಿದ್ದೆವು. ಆರೂ ನಡೆದವು. ಈಶಾನ್ಯ ಅಮೆರಿಕದಲ್ಲಿ ಕಾಲೇಜು ಮೌಂಟನ್ ಬೈಕ್ ರೇಸ್ ನಡೆಸಿದವರಿಗೆ ಈ ಮಾತಿನ ತೂಕ ಗೊತ್ತು. ಎರಡು ವರ್ಷ ಹಿಂದೆ, 2016ರಲ್ಲಿ, ನಾನೇ ಕೂಡಿಸಿದ ಕ್ಯಾಲೆಂಡರ್‌ನಲ್ಲಿ ಆರಕ್ಕೆ ಮೂರು ಮಾತ್ರ ನಡೆದಿದ್ದವು. ಬೆಟ್ಟ ಮೊದಲು ಹಿಡಿಯೋಣ, ನಡೆಸುವ ಕಾಲೇಜು ಆಮೇಲೆ ನೋಡೋಣ ಅಂದಾಗ ನಮ್ಮ ಕಾನ್ಫರೆನ್ಸ್‌ನ, ಅಂದರೆ ಒಟ್ಟಿಗೆ ರೇಸ್ ಮಾಡುವ ಕಾಲೇಜುಗಳ ಕೂಟದ, ಹಳಬರು ಯಾರೂ ಒಪ್ಪಿರಲಿಲ್ಲ. ಆತಿಥೇಯರೇ ಇಲ್ಲದೆ ತಾರೀಕು ಹೇಗೆ ಹಿಡೀತೀಯ, ಬೆಟ್ಟದವರಿಗೆ ಮಾತು ಕೊಡೋದು ಯಾರು ಅಂತ ಕೇಳಿದರು. ಹಾಗೆ ಕೇಳಿದವರಲ್ಲಿ ಇಬ್ಬರು ಈಗ ನನ್ನ ಲೆಕ್ಕದ ಹಾಳೆ ಇಟ್ಟುಕೊಂಡೇ ಬೇರೆ ಕಡೆ ಸೀಸನ್ ಕೂಡಿಸುತ್ತಿದ್ದಾರೆ. ಬೇರೆ ಬೇರೆ ಕ್ಯಾಂಪಸ್‌ಗಳಲ್ಲಿ ಬೈಕ್ ಓಡಿಸುವ ನಮ್ಮ ಹುಡುಗ ಹುಡುಗಿಯರು ಸೀಸನ್ ಹೇಗೆ ಕೂಡಿಸಿದೆ ಅಂತ ಆಗಾಗ ಕೇಳುತ್ತಾರೆ, ಅವರಿಗಾಗಿ ಬರೆದಿಡುತ್ತಿದ್ದೇನೆ. ಶಾರ್ಟ್ ಟ್ರ್ಯಾಕ್ ಅಂದರೇನು, ಯುಎಸ್‌ಎ ಸೈಕ್ಲಿಂಗ್ (ಅಮೆರಿಕದ ಸೈಕಲ್ ಕ್ರೀಡಾ ಸಂಸ್ಥೆ) ಪರ್ಮಿಟ್ ಹೇಗೆ ತೆಗೆಯುವುದು ಅನ್ನುವುದೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಮುಂದೆ ಹೋಗುತ್ತೇನೆ.

2016ರ ಕಥೆ ಮೊದಲು. ಏಪ್ರಿಲ್‌ನಲ್ಲಿ ಮೂವತ್ತು ಚಿಲ್ಲರೆ ಕಾಲೇಜು ಕ್ಲಬ್‌ಗಳಿಗೆ ಮೇಲ್ ಹಾಕಿದೆ: ಯಾರು ರೇಸ್ ನಡೆಸುತ್ತೀರಿ, ಯಾವ ತಾರೀಕು ಬೇಕು? ಎಲ್ಲ ಸಂಯೋಜಕರೂ ಮಾಡುತ್ತಿದ್ದದ್ದು ಹಾಗೇ. ಏಳು ಉತ್ತರ ಬಂದವು. ಅದರಲ್ಲಿ ನಾಲ್ವರಿಗೆ ಸೆಪ್ಟೆಂಬರ್ ಕೊನೆಯ ವಾರವೇ ಬೇಕು. ಎಲೆ ಬಣ್ಣ ತಿರುಗುವ ಹೊತ್ತು, ಹವೆ ತಂಪು, ಪರೀಕ್ಷೆ ಇನ್ನೂ ದೂರ. ಆಗಸ್ಟ್ ಕೊನೆ, ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವಾರ ಯಾರಿಗೂ ಬೇಡ. ಕಾಡಿ ಬೇಡಿ ಆರು ವಾರ ತುಂಬಿಸಿದೆ. ಆದರೆ ಏಪ್ರಿಲ್‌ನಲ್ಲಿ ಹೂಂ ಅಂದವರಲ್ಲಿ ಇಬ್ಬರು ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿ ಹೊರಟೇ ಹೋದರು. ಆಗಸ್ಟ್‌ನಲ್ಲಿ ಫೋನ್ ಮಾಡಿದರೆ ಹೊಸ ಕ್ಯಾಪ್ಟನ್, "ನಾವು ಒಪ್ಪಿಕೊಂಡಿದ್ದೆವಾ?" ಅಂತ ನನ್ನನ್ನೇ ಕೇಳುತ್ತಾನೆ. ಹಾಗೆ ಎರಡು ಹೋದವು. ಮೂರನೆಯದು ಮಳೆಗೆ ಹೋಯಿತು. ಟ್ರೇಲ್ ಇದ್ದ ಜಮೀನಿನವರು ಶುಕ್ರವಾರ ಸಂಜೆ ಗೇಟ್ ಮುಚ್ಚಿದರು. ಅವರದ್ದು ತಪ್ಪಲ್ಲ, ಒದ್ದೆ ಮಣ್ಣಿನ ಮೇಲೆ ಇನ್ನೂರು ಬೈಕ್ ಓಡಿದರೆ ಆ ದಾರಿ ಮುಂದಿನ ವರ್ಷಕ್ಕೂ ಸರಿಯಾಗುವುದಿಲ್ಲ. ಮಲೆನಾಡಿನ ಮಣ್ಣು ನೋಡಿ ಬೆಳೆದ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಡೆಸಬೇಕಿದ್ದ ಕ್ಲಬ್‌ಗೆ ಮಾತ್ರ ಆಂಬುಲೆನ್ಸ್, ಶೌಚಾಲಯ, ರೆಫರಿಗಳ ಪ್ರಯಾಣ ಎಲ್ಲ ಸೇರಿ ಎರಡು ಸಾವಿರದ ಎಂಟುನೂರು ಡಾಲರ್ ಹತ್ತಿರ ಕೈಬಿಟ್ಟಿತು. ಆ ಕ್ಲಬ್ ಆಮೇಲೆ ರೇಸ್ ನಡೆಸಲೇ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯದು. ಅದೇ ವರ್ಷ ಉತ್ತರ ವರ್ಮಾಂಟ್‌ನಲ್ಲಿ ರೇಸ್ ಮುಗಿಸಿ ಭಾನುವಾರ ಸಂಜೆ ಐದೂವರೆಗೆ ಪೆನ್ಸಿಲ್ವೇನಿಯಾದ ಒಂದು ತಂಡ ವ್ಯಾನ್ ಹತ್ತಿತು. ಎಂಟು ಗಂಟೆಯ ದಾರಿ. ಹಿಂದಿನ ವಾರವೂ ಅವರು ಅಷ್ಟೇ ದೂರ ಬಂದಿದ್ದರು, ಯಾಕೆಂದರೆ ಕ್ಯಾಲೆಂಡರ್ ನಾನು ಹಾಗೆ ಹಾಕಿದ್ದೆ. ರಾತ್ರಿ ಹನ್ನೆರಡೂವರೆಗೆ ಫೋನ್ ಬಂತು. ಇಂಟರ್‌ಸ್ಟೇಟ್ 88ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ಗೆ ಇನ್ನೂ ಸ್ವಲ್ಪ ದೂರ ಇರುವಾಗ, ಓಡಿಸುತ್ತಿದ್ದ ಹುಡುಗನಿಗೆ ಜೊಂಪು ಹತ್ತಿ ವ್ಯಾನ್ ರಸ್ತೆ ಅಂಚಿನ ಗುಡುಗುಡು ಪಟ್ಟಿಗೆ ಹೋಗಿತ್ತು. ಸದ್ದಿಗೆ ಎಚ್ಚರವಾಯಿತು, ಯಾರಿಗೂ ಏನೂ ಆಗಲಿಲ್ಲ. ಒಳಗೆ ಒಂಬತ್ತು ಮಕ್ಕಳು ಮಲಗಿದ್ದರು. ಅವನು ಬೈಯಲಿಲ್ಲ, ಅಳುತ್ತಿದ್ದ. ಆ ರಾತ್ರಿಯಿಂದ ನಾನು ಎಷ್ಟು ರೇಸ್ ಅಂತ ಎಣಿಸುವುದು ಬಿಟ್ಟೆ, ಎಷ್ಟು ವ್ಯಾನ್-ಗಂಟೆ ಅಂತ ಎಣಿಸಲು ಶುರು ಮಾಡಿದೆ.

ಉಪಾಯ ಹೊಳೆದದ್ದು ಊರಿಗೆ ಹೋದಾಗ. ನಮ್ಮದು ಬೈಂದೂರು ಕಡೆ. ಮಾವ ಬಹಳ ವರ್ಷ ಬಡಗುತಿಟ್ಟಿನ ಒಂದು ಯಕ್ಷಗಾನ ಮೇಳದಲ್ಲಿ ಮ್ಯಾನೇಜರ್ ಆಗಿದ್ದವರು. ದೀಪಾವಳಿ ಕಳೆದು ಹೊರಟರೆ ಮಳೆಗಾಲ ಹತ್ತಿರ ಬರುವ ತನಕ ದಿನಕ್ಕೊಂದು ಊರು. ನನ್ನ ಹಾಳೆ ನೋಡಿ, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ, "ಮಾರಾಯ, ಲಾರಿ ಎಲ್ಲಿಂದ ಎಲ್ಲಿಗ್ ಹೋತ್ತ್ ಅಂದೇಳಿ ಮೊದಲ್ ಕಾಣ್. ಆಟ ಆಡ್ಸೋರ್ ಆಮೇಲೆ ಸಿಕ್ತ್ರ್" ಅಂದರು. ಇನ್ನೊಂದು ಮಾತೂ ಹೇಳಿದರು: ವೀಳ್ಯ (ಆಟ ಗೊತ್ತು ಮಾಡುವ ಮುಂಗಡ) ಕೊಡದವನ ಆಟವನ್ನು ಪಟ್ಟಿಗೆ ಬರೆಯಬೇಡ. ಎರಡನ್ನೂ ಹಾಗೇ ಹೊತ್ತು ತಂದೆ.

ಈಗ ಕೆಲಸ ಶುರುವಾಗುವುದು ಏಪ್ರಿಲ್‌ನಲ್ಲಲ್ಲ, ಜನವರಿಯಲ್ಲಿ. ನಮ್ಮ ರೇಸ್ ನಡೆಯುವ ಸ್ಕೀ ಬೆಟ್ಟದವರು ಆಗ ಹಿಮದ ಗಡಿಬಿಡಿಯಲ್ಲಿರುತ್ತಾರೆ, ಫೋನ್ ಎತ್ತುವುದಿಲ್ಲ ಅಂತ ಎಲ್ಲರೂ ಹೇಳಿದರು. ಎತ್ತುತ್ತಾರೆ, ಬೆಳಿಗ್ಗೆ ಏಳಕ್ಕೆ ಮಾಡಬೇಕು. ನಾನು ಕೇಳುವುದು ಒಂದೇ ಪ್ರಶ್ನೆ: ಆಗಸ್ಟ್ ಕೊನೆಯಿಂದ ಅಕ್ಟೋಬರ್ ಎರಡನೇ ವಾರದೊಳಗೆ ನಿಮ್ಮಲ್ಲಿ ಮದುವೆ ಇಲ್ಲದ ಶನಿವಾರ ಯಾವುದು? ಗೊತ್ತಿಲ್ಲದವರಿಗೆ ಆಶ್ಚರ್ಯ ಆಗಬಹುದು. ಎಲೆಗಾಲದಲ್ಲಿ ಈ ಬೆಟ್ಟಗಳ ದೊಡ್ಡ ಸಂಪಾದನೆ ಮದುವೆಯದ್ದೇ. ವಧು ವರರು ಬೆಟ್ಟದ ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟ್ ಹತ್ತಿ ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಕೆಳಗೆ ಕೆಸರು ಮೆತ್ತಿಕೊಂಡ ನೂರೈವತ್ತು ಹುಡುಗರು ಇರಕೂಡದು. ಮದುವೆ ಇಲ್ಲದ ಶನಿವಾರಗಳನ್ನು ಒಂದು ಹಾಳೆಯಲ್ಲಿ ಬರೆದರೆ ಅರ್ಧ ಕ್ಯಾಲೆಂಡರ್ ತಾನೇ ನಿಲ್ಲುತ್ತದೆ.

ಲಿಫ್ಟ್ ಯಾಕೆ ಮುಖ್ಯ ಅಂದರೆ, ಕ್ರಾಸ್ ಕಂಟ್ರಿಗೆ ಕಾಡು ಸಾಕು, ಚಿಕ್ಕ ಸುತ್ತು ಹೊಡೆಯುವ ಶಾರ್ಟ್ ಟ್ರ್ಯಾಕ್‌ಗೆ ಹುಲ್ಲುಗಾವಲೂ ಸಾಕು, ಮೇಲಿಂದ ಕೆಳಕ್ಕೆ ಓಡಿಸುವ ಡೌನ್‌ಹಿಲ್‌ಗೆ ಲಿಫ್ಟ್ ಇಲ್ಲದಿದ್ದರೆ ಪಿಕಪ್ ಟ್ರಕ್‌ಗಳಲ್ಲಿ ಬೈಕ್ ಹೊತ್ತು ಹೊತ್ತು ದಿನ ಮುಗಿಯುತ್ತದೆ. ಒಂದು ವರ್ಷ ಹಾಗೂ ಮಾಡಿ ನೋಡಿದ್ದೆವು, ಪ್ರತಿಯೊಬ್ಬರಿಗೆ ಎರಡು ಓಟ ಸಿಕ್ಕಿದ್ದೇ ಹೆಚ್ಚು. ನ್ಯೂ ಹ್ಯಾಂಪ್‌ಶೈರ್‌ನ ನಾರ್ತ್‌ಫೀಲ್ಡ್‌ನಲ್ಲಿರುವ ಹೈಲ್ಯಾಂಡ್‌ನಂತೆ ಸ್ಕೀ ಬಿಟ್ಟು ಬೈಕ್‌ಗೇ ಮೀಸಲಾದ ಬೆಟ್ಟಗಳು ಕೈಬೆರಳೆಣಿಕೆ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಸಾಲಿನ ಪ್ಲಾಟೆಕಿಲ್ ಥರ ಸ್ಕೀ ಜೊತೆಗೆ ಬೈಕ್‌ಗೂ ಲಿಫ್ಟ್ ಓಡಿಸುತ್ತಿದ್ದವು ಇನ್ನೊಂದಿಷ್ಟು. ಉಳಿದವರ ಹತ್ತಿರ ಮಾತಾಡಿ ಲಿಫ್ಟ್ ತಿರುಗಿಸಬೇಕು.

ಆಮೇಲೆ ವ್ಯಾನ್-ಗಂಟೆ. ಎಡಕ್ಕೆ ಕಾಲೇಜುಗಳು, ಮೇಲೆ ಬೆಟ್ಟಗಳು, ನಡುವೆ ಗಂಟೆ, ಅದನ್ನು ಆ ಕಾಲೇಜು ತರುವ ವ್ಯಾನ್‌ಗಳಿಂದ ಗುಣಿಸುವುದು. ಬಾಸ್ಟನ್‌ನಿಂದ ಹೈಲ್ಯಾಂಡ್‌ಗೆ ಒಂದೂವರೆ ಗಂಟೆ, ವರ್ಮಾಂಟ್‌ನ ಬರ್ಲಿಂಗ್ಟನ್‌ಗೆ ಮೂರೂವರೆ, ಕ್ಯಾಟ್‌ಸ್ಕಿಲ್‌ಗೆ ನಾಲ್ಕು. ಮಧ್ಯ ಪೆನ್ಸಿಲ್ವೇನಿಯಾದವರಿಗೆ ಕ್ಯಾಟ್‌ಸ್ಕಿಲ್ ನಾಲ್ಕೂವರೆ, ವರ್ಮಾಂಟ್ ಎಂಟು. ನನ್ನ ನಿಯಮ ಒಂದೇ: ಆರು ಗಂಟೆ ದಾಟುವ ಪ್ರಯಾಣ ಯಾವ ತಂಡಕ್ಕೂ ಎರಡು ವಾರ ಒಟ್ಟಿಗೆ ಬರಬಾರದು. ಅತಿ ದೂರದ ವಾರಾಂತ್ಯವನ್ನು ಲೇಬರ್ ಡೇಗೆ ಹಾಕಿದೆ. ಯಾರಿಗೂ ಬೇಡವಾಗಿದ್ದ ವಾರವೇ ಅದು. ಸೋಮವಾರ ರಜೆ ಇದ್ದವರು ಭಾನುವಾರ ರಾತ್ರಿ ಬೆಟ್ಟದ ಬುಡದಲ್ಲೇ ಟೆಂಟ್ ಹಾಕಿ ಮಲಗಿ ಹಗಲಲ್ಲಿ ಹೋಗುತ್ತಾರೆ. 2016ಕ್ಕೆ ಹೋಲಿಸಿದರೆ ಒಟ್ಟು ವ್ಯಾನ್-ಗಂಟೆ ಕಾಲು ಭಾಗಕ್ಕೂ ಹೆಚ್ಚು ಇಳಿಯಿತು, ರೇಸ್‌ಗಳು ದುಪ್ಪಟ್ಟಾದವು. ಈ ಒಂದು ಲೆಕ್ಕದ ಬಗ್ಗೆ ನನಗೆ ಹೆಮ್ಮೆ ಇದೆ.

2017ರಲ್ಲಿ ಇಷ್ಟೂ ಮಾಡಿ ಒಂದು ಕಡೆ ಎಡವಿದೆ. ಸೆಪ್ಟೆಂಬರ್ 30, ಶನಿವಾರ. ನನಗೆ ಅದು ವಿಜಯದಶಮಿ ಅಂತ ನೆನಪಿತ್ತು, ಶುಭದಿನ ಅಂತಲೇ ಖುಷಿಯಿಂದ ಹಾಕಿದ್ದೆ. ಅದೇ ದಿನ ಯೆಹೂದಿಗಳ ಉಪವಾಸದ ದಿನವಾದ ಯೋಮ್ ಕಿಪ್ಪುರ್ ಅನ್ನುವುದು ನನಗೆ ಹೊಳೆಯಲಿಲ್ಲ. ಯೆಹೂದಿ ವಿದ್ಯಾರ್ಥಿಗಳು ಹೆಚ್ಚಿರುವ ಎರಡು ತಂಡ ಬರಲಿಲ್ಲ. ನೂರೆಂಬತ್ತು ಎಂಟ್ರಿ ನಿರೀಕ್ಷೆ ಮಾಡಿದ್ದು ನೂರಾ ಹತ್ತಕ್ಕೆ ಇಳಿಯಿತು. ಒಬ್ಬ ಹುಡುಗಿ ಬಂದು, ವರ್ಷದ ದೊಡ್ಡ ಉಪವಾಸ ನಮ್ಮದು, ನೋಡಬಹುದಿತ್ತಲ್ಲ ಅಂತ ಮೆತ್ತಗೆ ಹೇಳಿದಳು. ಸರಿಯಾದ ಮಾತು. ಈಗ ಹಾಳೆಯ ಮೊದಲ ಸಾಲೇ ಹಬ್ಬಗಳದ್ದು, ಎಲ್ಲರ ಹಬ್ಬಗಳದ್ದು. ಹೋಮ್‌ಕಮಿಂಗ್ (ಹಳೆ ವಿದ್ಯಾರ್ಥಿಗಳು ಕಾಲೇಜಿಗೆ ಬರುವ ವಾರ), ತಂದೆತಾಯಿಯರ ವಾರಾಂತ್ಯ, ಮಿಡ್‌ಟರ್ಮ್ ಆಮೇಲಿನ ಸಾಲುಗಳು. ಅಕ್ಟೋಬರ್ ಎರಡನೇ ಸೋಮವಾರದ ಕೊಲಂಬಸ್ ಡೇ ವಾರದಲ್ಲಿ ಎಲೆ ನೋಡಲು ಬರುವವರಿಂದ ಮೋಟೆಲ್ ಬಾಡಿಗೆ ಎರಡು ಪಟ್ಟಾಗುತ್ತದೆ. ಆ ವಾರ ರೇಸ್ ಇಟ್ಟರೆ ಟೆಂಟ್ ಜಾಗ ಇರುವ ಬೆಟ್ಟದಲ್ಲೇ ಇಡಬೇಕು.

ಬೆಟ್ಟ, ತಾರೀಕು ನಿಂತ ಮೇಲೆ ಕಾಲೇಜು. ಇಲ್ಲಿ ಜೋಡಿ ಮಾಡಿದೆ. ಕೆಲವು ಕಾಲೇಜಿಗೆ ಬೆಟ್ಟ ಹತ್ತಿರ, ಕ್ಲಬ್‌ನಲ್ಲಿ ಐದೇ ಜನ. ಕೆಲವು ನಗರದ ಕಾಲೇಜು, ನಲವತ್ತು ಜನ, ಸುತ್ತಮುತ್ತ ಒಂದು ದಿಬ್ಬವೂ ಇಲ್ಲ. ಒಬ್ಬರು ಜಾಗದ ಮಾತುಕತೆ, ಟೇಪು, ಕೋರ್ಸ್ ನೋಡಿಕೊಳ್ಳುವುದು. ಇನ್ನೊಬ್ಬರು ರೇಸ್ ದಾರಿ ಕಾಯುವ ಮಾರ್ಷಲ್, ನೋಂದಣಿ, ಅಡುಗೆ. ಮೊದಲ ವರ್ಷ ಲಾಭ ಸಮಪಾಲು ಅಂತ ಬಾಯಿಮಾತಲ್ಲಿ ಬಿಟ್ಟಿದ್ದೆ. ಮುನ್ನೂರು ಡಾಲರ್‌ಗೆ ಎರಡು ಕ್ಲಬ್‌ಗಳು ಡಿಸೆಂಬರ್ ತನಕ ಮಾತು ಬಿಟ್ಟವು. ಈಗ ಖರ್ಚಿನ ಪ್ರತಿ ಸಾಲಿನ ಮುಂದೆ ಯಾರ ಜೇಬು ಅಂತ ಮಾರ್ಚ್‌ನಲ್ಲೇ ಬರೆಯುತ್ತೇವೆ. ರಿಬ್ಬನ್‌ಗೂ ಬರೆಯುತ್ತೇವೆ.

ವೀಳ್ಯದ ಜಾಗದಲ್ಲಿ ರೇಸ್ ನಡೆಸುವ ಕ್ಲಬ್‌ನಿಂದ ನೂರೈವತ್ತು ಡಾಲರ್ ಚೆಕ್. ಎರಡು ಸಹಿ: ಒಂದು ಮುಂದಿನ ಶರತ್ಕಾಲದಲ್ಲೂ ಕ್ಯಾಂಪಸ್‌ನಲ್ಲಿರುವ ವಿದ್ಯಾರ್ಥಿಯದ್ದು, ಇನ್ನೊಂದು ಕಾಲೇಜಿನ ಕ್ರೀಡಾ ಕ್ಲಬ್ ಕಚೇರಿಯದ್ದು. ಡಿಗ್ರಿ ಮುಗಿಸಿ ಹೋಗುವವರ ಸಹಿ ತಗೊಳ್ಳುವುದಿಲ್ಲ, ಎಷ್ಟೇ ಒಳ್ಳೆಯವರಾದರೂ. ರೇಸ್ ಮುಗಿದ ಸೋಮವಾರ ಚೆಕ್ ವಾಪಸ್. ಎರಡು ಕ್ಲಬ್ ಇದಕ್ಕೆ ಮುನಿಸಿಕೊಂಡು ಹೊರಗುಳಿದವು, ಮರುವರ್ಷ ಅವೇ ಚೆಕ್ ಹಿಡಿದು ಬಂದವು.

ಜೊತೆಗೆ ಹುಂಡಿ. ಪ್ರತಿ ಎಂಟ್ರಿಗೆ ಎರಡು ಡಾಲರ್ ಕಾನ್ಫರೆನ್ಸ್ ಹುಂಡಿಗೆ. ಮಳೆಗೆ ರೇಸ್ ಹೋದರೆ ನಡೆಸುವವರಿಗೆ ಸಾವಿರದ ತನಕ ಹುಂಡಿಯಿಂದ. ಇದಕ್ಕೆ ಅತಿ ಹೆಚ್ಚು ವಿರೋಧ ಬಂತು, ಬೇರೆಯವರ ನಷ್ಟಕ್ಕೆ ನಮ್ಮ ಮಕ್ಕಳ ದುಡ್ಡು ಯಾಕೆ ಅಂತ. ನಷ್ಟದ ಹೆದರಿಕೆ ಹೋದ ಮೇಲೆಯೇ ಸಣ್ಣ ಕ್ಲಬ್‌ಗಳು ಕೈ ಹಾಕಿದ್ದು. ಆಗ ಆಂಬುಲೆನ್ಸ್ ಗಂಟೆಗೆ ನೂರು ಡಾಲರ್ ಆಸುಪಾಸು, ಎರಡು ದಿನಕ್ಕೆ ಸಾವಿರದ ಆರುನೂರು. ಶೌಚಾಲಯ ಒಂದಕ್ಕೆ ನೂರ ಹತ್ತು. ಐದು ಜನರ ಕ್ಲಬ್‌ಗೆ ಇದು ಮೂಗಿಗಿಂತ ಮೂಗುತಿ ಭಾರ. 2018ರಲ್ಲಿ ಯಾವ ಆತಿಥೇಯರಿಗೂ ಕೈಯಿಂದ ಹೋಗಲಿಲ್ಲ. ಕಡಿಮೆ ಉಳಿದವರಿಗೆ ಮುನ್ನೂರು, ಹೆಚ್ಚು ಉಳಿದವರಿಗೆ ಸಾವಿರದ ಒಂಬೈನೂರು.

ಲಿಫ್ಟ್‌ನವರು ಮೊದಲು ದಿನಕ್ಕೆ ನಾಲ್ಕೂವರೆ ಸಾವಿರ ಒಟ್ಟಾಗಿ ಕೇಳಿದ್ದರು. ತಲೆಗೆ ಹದಿನೈದಕ್ಕೆ ಇಳಿಸಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಆ ಬೆಟ್ಟದವರಿಗೂ ನಮಗೂ ಇರುವ ಒಪ್ಪಂದ ಅದು. ಹೊಸಬರನ್ನು ಎರಡನೇ ವಾರಕ್ಕೆ ತಪ್ಪದೆ ವಾಪಸ್ ತರುವ ನನ್ನ ಇನ್ನೊಂದು ಏರ್ಪಾಡನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಸ್ಲಾಲಮ್ ಬಗ್ಗೆ ಸ್ವಲ್ಪ ಹೇಳಬೇಕು. ವಿಶ್ವಕಪ್‌ನವರು 2002ಕ್ಕೆಲ್ಲ ನಾಲ್ವರು ಒಟ್ಟಿಗೆ ಇಳಿಯುವ ಫೋರ್‌ಕ್ರಾಸ್ ಕಡೆ ಹೋದರು, ಕಾಲೇಜು ರೇಸ್‌ನಲ್ಲಿ ಇಬ್ಬರು ಅಕ್ಕಪಕ್ಕದ ಹಾದಿಯಲ್ಲಿ ಇಳಿಯುವ ಡ್ಯುಯಲ್ ಸ್ಲಾಲಮ್ ಉಳಿದುಕೊಂಡಿದೆ, ಜನ ನಿಂತು ಕೂಗಿ ನೋಡುವುದು ಅದನ್ನೇ. ದುಡ್ಡಿಲ್ಲದ ಒಂದು ಕಡೆ ಅಗೆಯದೆ ಬರೀ ಹುಲ್ಲಿನ ಮೇಲೆ ಬಾವುಟ ನೆಟ್ಟು ಎರಡು ಹಾದಿ ಮಾಡಿದೆವು. ಬೆಳಿಗ್ಗೆ ಎಂಟಕ್ಕೆ ಎಡಗಡೆಯದ್ದು ಮರದ ನೆರಳಿನಲ್ಲಿ, ಇಬ್ಬನಿ ಆರಿಲ್ಲ. ಬಲಗಡೆ ಬಿಸಿಲು. ನನ್ನ ಸ್ಟಾಪ್‌ವಾಚ್‌ನಲ್ಲಿ ಅದೇ ಹುಡುಗಿಗೆ ಎಡಕ್ಕೆ ಮುಕ್ಕಾಲು ಸೆಕೆಂಡ್ ಹೆಚ್ಚು. ಹಾದಿ ಬದಲಿಸಿ ಓಡಿ ಹೊತ್ತು ಕೂಡಿಸುವುದರಿಂದ ಸರಿಹೋಗುತ್ತದೆ ಅಂದರು. ಒಂದೇ ಓಟದ ಅರ್ಹತಾ ಸುತ್ತಿನಲ್ಲಿ ಆ ವ್ಯತ್ಯಾಸ ಹೋಗುವುದಿಲ್ಲವಲ್ಲ. ಎಡ ಹಾದಿಯ ಮೂರನೇ ತಿರುವಿನ ಬಾವುಟವನ್ನು ಒಂದು ಮೊಳ ಒಳಕ್ಕೆ ಸರಿಸಿದೆ, ಆದರೆ ಹತ್ತು ಗಂಟೆಗೆ ಬಿಸಿಲು ಎರಡೂ ಕಡೆ ಬಿದ್ದು ಎಡವೇ ವೇಗವಾಯಿತು. ಕೊನೆಗೆ ಸ್ಲಾಲಮ್ ಅನ್ನು ಮಧ್ಯಾಹ್ನಕ್ಕೆ ಹಾಕಿದೆ, ಬಾವುಟ ಮೊದಲಿನ ಜಾಗಕ್ಕೆ. ಈಗಲೂ ಹುಲ್ಲಿನ ಕೋರ್ಸ್ ಇದ್ದರೆ ಮಧ್ಯಾಹ್ನವೇ.

ಊಟದಲ್ಲೂ ಒಂದು ಪ್ರಯೋಗ. ಮಾರ್ಷಲ್‌ಗಳಿಗೆ ಪಿಜ್ಜಾ ತರಿಸುವ ಬದಲು ನಾನು, ಮೈಸೂರಿನ ಇನ್ನೊಬ್ಬ ಗೆಳತಿ ಸೇರಿ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಮಾಡಿದೆವು. ಅರವತ್ತು ಜನಕ್ಕೆ ಎಪ್ಪತ್ತು ಡಾಲರ್. ಪಿಜ್ಜಾ ಇನ್ನೂರೈವತ್ತು ಆಗುತ್ತಿತ್ತು. ಚಳಿಯಲ್ಲಿ ನಾಲ್ಕು ಗಂಟೆ ಕಾಡಿನ ತಿರುವಿನಲ್ಲಿ ನಿಂತವರಿಗೆ ಬಿಸಿ ಬೇಕು. ಮುಂದಿನ ವಾರ ಮಾರ್ಷಲ್ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಹೆಸರು ಬಂದವು, ಕಾರ ಕಡಿಮೆ ಮಾಡಿ ಅನ್ನುವ ಒಂದು ಕೋರಿಕೆ ಜೊತೆಗೆ.

2018ರ ಕೊನೆಯ ವಾರಾಂತ್ಯ ಕ್ಯಾಟ್‌ಸ್ಕಿಲ್‌ನಲ್ಲಿ. ಬೇಕೆಂದೇ ಅಲ್ಲಿಟ್ಟಿದ್ದೆ. ಭಾನುವಾರ ಎರಡು ಗಂಟೆಗೆ ಕೊನೆಯ ಓಟ ಮುಗಿಯಿತು. ಮೂರೂವರೆಗೆ ಪೆನ್ಸಿಲ್ವೇನಿಯಾದ ವ್ಯಾನ್ ಹೊರಟಿತು, 2016ರ ಅದೇ ಹುಡುಗ ಓಡಿಸುತ್ತಿದ್ದ. ಅವನದ್ದೂ ಕೊನೆಯ ಸೀಸನ್. ನಾನು ಟೇಪು ಸುತ್ತಿ, ಬಾವುಟ ಎಣಿಸಿ, ಹುಂಡಿಯ ಲೆಕ್ಕ ಮುಗಿಸಿ, ಎರಡು ಸಾವಿರದ ಚಿಲ್ಲರೆ ಉಳಿದಿದ್ದನ್ನು ಹೊಸ ಸಂಯೋಜಕಿಗೆ ಒಪ್ಪಿಸುವ ಹೊತ್ತಿಗೆ ಕತ್ತಲಾಗಿತ್ತು. ಎಂಟೂಮುಕ್ಕಾಲಿಗೆ ಅವನ ಮೆಸೇಜ್ ಬಂತು: ತಲುಪಿದೆವು, ಎಲ್ಲರೂ ಎಚ್ಚರವಾಗಿಯೇ ಇದ್ದರು.