ಥೀಸಿಸ್ ಮುಗಿದ ಮೇಲೆ: ಸಂಶೋಧನೆಯನ್ನು ಜನರಿಗೆ ತಲುಪಿಸುವುದು ಹೇಗೆ?

ಪ್ರಬಂಧ ಪ್ರಕಟವಾಗುತ್ತದೆ, ಪದವಿ ಕೈಸೇರುತ್ತದೆ, ಲ್ಯಾಬಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿದ ಸಾಧನ ಬೀರು ಸೇರುತ್ತದೆ. ವಿಶ್ವವಿದ್ಯಾಲಯಗಳ ಎಷ್ಟೋ ಸಂಶೋಧನೆಗಳ ಗತಿ ಹೀಗಾಗಿದೆ. ಅವುಗಳಲ್ಲಿ ಹುರುಳಿಲ್ಲವೆಂದಲ್ಲ. ಪ್ರಕಟಣೆಯ ನಂತರವೂ ಬೆಟ್ಟದಷ್ಟು ಕೆಲಸ ಬಾಕಿ ಇರುತ್ತದೆ, ಅದನ್ನು ಯಾರು ಮಾಡಬೇಕೆಂದು ಯಾರೂ ಗೊತ್ತುಮಾಡಿರುವುದಿಲ್ಲ. ಉದ್ಯಮ, ಸರ್ಕಾರ, ಸ್ವಯಂಸೇವಾ ಸಂಸ್ಥೆ ಎಲ್ಲರೂ ಕೈಜೋಡಿಸಬೇಕು ನಿಜ. ಆದರೆ ವಸ್ತು ಬಳಸುವವರ ಕೈಸೇರುವ ತನಕ ಅದರ ಒಳಹೊರಗು ಬಲ್ಲ ಸಂಶೋಧಕರು ಜೊತೆಯಲ್ಲೇ ಇರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಬಳಸುವವರನ್ನು ಹುಡುಕಿಕೊಂಡು ಹೋಗಿ

ನಿಮ್ಮ ಆವಿಷ್ಕಾರವನ್ನು ತೋರಿಸಿ ‘ಹೇಗಿದೆ?’ ಎಂದು ಕೇಳಬೇಡಿ. ಎದುರಿಗಿರುವವರು ದಾಕ್ಷಿಣ್ಯಕ್ಕೆ ‘ಚೆನ್ನಾಗಿದೆ’ ಎನ್ನುತ್ತಾರೆ. ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದೀರಿ, ಎಲ್ಲಿ ತೊಡಕಾಗುತ್ತದೆ, ಅದಕ್ಕೆ ಎಷ್ಟು ಖರ್ಚಾಗುತ್ತಿದೆ, ಹೊಸದನ್ನು ಕೊಳ್ಳುವ ತೀರ್ಮಾನ ಯಾರದ್ದು ಎಂದು ಕೇಳಿ. ಆಸ್ಪತ್ರೆಯ ಉಪಕರಣವನ್ನು ಬಳಸುವವರು ನರ್ಸ್, ಆಯ್ಕೆ ಮಾಡುವವರು ವೈದ್ಯರು, ಹಣ ಕೊಡುವವರು ಆಡಳಿತದವರು. ಮೂವರನ್ನೂ ಮಾತನಾಡಿಸದೆ ವಿನ್ಯಾಸ ಮುಗಿಸುವಂತಿಲ್ಲ.

ಒಳ್ಳೆಯ ಪ್ರಶ್ನೆ ಹೊರಗಿನಿಂದಲೇ ಬರುವುದೂ ಉಂಟು. ಆಟಗಾರರಿಗೆ ಪಂದ್ಯ ಮುಗಿದ ಮೇಲೆ ಮೂತ್ರವೇ ಏಕೆ ಬರುವುದಿಲ್ಲ ಎಂದು 1965ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಒಬ್ಬರು ಅಲ್ಲಿನ ಮೂತ್ರಪಿಂಡ ತಜ್ಞರನ್ನು ಕೇಳಿದರು. ಬೆವರಿನಲ್ಲಿ ಹೋಗುವ ನೀರು, ಲವಣಗಳ ಅಧ್ಯಯನ ಶುರುವಾದದ್ದು ಆ ಪ್ರಶ್ನೆಯಿಂದ. ಗೇಟರೇಡ್ ಎಂಬ ಪಾನೀಯ ಅದರ ಫಲ.

ಹಂತ 2: ಬಾಯಿ ಬಿಡುವ ಮುನ್ನ ಅರ್ಜಿ ಹಾಕಿ

ಪೇಟೆಂಟ್ ಸಿಗಬೇಕಾದರೆ ಆವಿಷ್ಕಾರ ಹೊಸದಾಗಿರಬೇಕು. ಅರ್ಜಿಗೆ ಮುಂಚೆ ನೀವೇ ಅದನ್ನು ಬಹಿರಂಗಪಡಿಸಿದ್ದರೂ ಅದು ಹಳೆಯದಾಗಿಬಿಡುತ್ತದೆ. ಸಮ್ಮೇಳನದ ಪೋಸ್ಟರ್, ಗ್ರಂಥಾಲಯದ ಜಾಲತಾಣಕ್ಕೆ ಏರಿದ ಥೀಸಿಸ್ ಎರಡೂ ಬಹಿರಂಗವೇ. ಅಮೆರಿಕದಲ್ಲಿ ಸಂಶೋಧಕರ ಸ್ವಂತ ಪ್ರಕಟಣೆಗೆ ಒಂದು ವರ್ಷದ ರಿಯಾಯಿತಿ ಇದೆ. ಯುರೋಪಿನಲ್ಲಿ ಅಂಥ ಸೌಲಭ್ಯ ಇಲ್ಲವೆಂದೇ ತಿಳಿಯಿರಿ. ಆದ್ದರಿಂದ ಪ್ರಬಂಧ ಕಳಿಸುವ ಮೊದಲು ಪೇಟೆಂಟ್, ಪರವಾನಗಿಗಳನ್ನು ನೋಡಿಕೊಳ್ಳುವ ವಿಶ್ವವಿದ್ಯಾಲಯದ ತಂತ್ರಜ್ಞಾನ ವರ್ಗಾವಣೆ ಕಚೇರಿಗೆ ತಿಳಿಸಿ. ಪ್ರಯೋಗದ ನೋಟ್‌ಬುಕ್‌ನಲ್ಲಿ ದಿನಾಂಕ, ಸಹಿ ಇರಲಿ. ಆವಿಷ್ಕಾರಕ್ಕೆ ನಿಜವಾಗಿ ಕೊಡುಗೆ ಕೊಟ್ಟ ವಿದ್ಯಾರ್ಥಿಯ ಹೆಸರನ್ನು ಬಿಡಲೇಬೇಡಿ. ಅದು ಅನ್ಯಾಯ, ಅಮೆರಿಕದಂಥ ಕಡೆ ಪೇಟೆಂಟಿನ ಸಿಂಧುತ್ವಕ್ಕೇ ಕುತ್ತು ಕೂಡ.

ಹಂತ 3: ಪೇಟೆಂಟ್ ಬೇಕೇ, ಬೇಕಾದರೆ ಯಾತಕ್ಕೆ?

ಪೇಟೆಂಟಿನ ಅವಧಿ ಅರ್ಜಿಯ ದಿನದಿಂದ 20 ವರ್ಷ. ಅದು ದುಡ್ಡಿಗಾಗಿ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಬೇರೆ ಯಾರೂ ಏಕಸ್ವಾಮ್ಯ ಸ್ಥಾಪಿಸದಿರಲಿ, ಔಷಧದ ಗುಣಮಟ್ಟದ ಮೇಲೆ ಹಿಡಿತವಿರಲಿ ಎಂಬುದೇ ಅವರ ಉದ್ದೇಶ.

ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ಕೋಹೆನ್–ಬಾಯರ್ ತಂತ್ರಕ್ಕೆ 1980ರಲ್ಲಿ ಪೇಟೆಂಟ್ ಸಿಕ್ಕಾಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಇನ್ನೊಂದು ದಾರಿ ಹಿಡಿಯಿತು. ಯಾವುದೋ ಒಂದೇ ಕಂಪನಿಗೆ ಬಿಟ್ಟುಕೊಡದೆ, ಕೇಳಿದವರಿಗೆಲ್ಲ ಕಡಿಮೆ ಶುಲ್ಕದ ಪರವಾನಗಿ ಕೊಟ್ಟಿತು. 400ಕ್ಕೂ ಹೆಚ್ಚು ಕಂಪನಿಗಳು ಅದನ್ನು ಪಡೆದವು. ಹಲವರಿಗೆ ಬೇಕಾದ ಮೂಲತಂತ್ರಕ್ಕೆ ಇದೇ ಸರಿ. ಒಬ್ಬರೇ ಕೋಟಿಗಟ್ಟಲೆ ಹೂಡಬೇಕಾದ ಹೊಸ ಔಷಧವಾದರೆ ಏಕಮಾತ್ರ ಪರವಾನಗಿ ಅನಿವಾರ್ಯವಾಗಬಹುದು.

ಹಂತ 4: ಬೀಕರಿನಿಂದ ದೊಡ್ಡ ಪಾತ್ರೆಗೆ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು, ಎಲ್ಲರೂ ಕಡೆಗಣಿಸುವುದು ಈ ಹಂತ. ಇನ್ಸುಲಿನ್ ಕಥೆಯನ್ನೇ ಮುಂದುವರಿಸೋಣ. 1922ರ ಜನವರಿ 11ರಂದು 14 ವರ್ಷದ ಮಧುಮೇಹಿ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದಿನಲ್ಲಿ ಕಲ್ಮಶ ಹೆಚ್ಚಿತ್ತು, ಪರಿಣಾಮ ಅಷ್ಟಕ್ಕಷ್ಟೇ. ಸಂಶೋಧಕರ ತಂಡದ ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಸಾರವನ್ನು ಜನವರಿ 23ರಿಂದ ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು. ಜಗತ್ತೇ ಕಾಯುತ್ತಿದ್ದ ಔಷಧ ಸಿಕ್ಕಿತ್ತು. ಆದರೆ ಹೆಚ್ಚು ಪ್ರಮಾಣದಲ್ಲಿ ತಯಾರಿಸಲು ಹೊರಟಾಗ ಸ್ವತಃ ಕಾಲಿಪ್ ಅವರಿಗೇ ಅದು ಮತ್ತೆ ಒದಗಲಿಲ್ಲ. ವಾರಗಟ್ಟಲೆ ಔಷಧದ ಅಭಾವ ಕಾಡಿತು. ಆಮೇಲೆ ಎಲೈ ಲಿಲಿ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಜಾರ್ಜ್ ವಾಲ್ಡೆನ್, ದ್ರಾವಣದ ಆಮ್ಲೀಯತೆಯನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ತಂದರೆ ಇನ್ಸುಲಿನ್ ತಾನಾಗಿ ಕೆಳಗೆ ಕೂರುತ್ತದೆಂದು ತೋರಿಸಿದ ಮೇಲೆ ಹೇರಳ ತಯಾರಿಕೆ ಸಾಧ್ಯವಾಯಿತು.

ಹೀಗೇಕಾಗುತ್ತದೆ? ಪಾತ್ರೆಯ ಉದ್ದ, ಅಗಲ, ಎತ್ತರ ಎಲ್ಲವನ್ನೂ 10 ಪಟ್ಟು ಹಿಗ್ಗಿಸಿದರೆ ಒಳಗಿನ ದ್ರವ 1000 ಪಟ್ಟಾಗುತ್ತದೆ. ಶಾಖವನ್ನು ಹೊರಹಾಕುವ ಪಾತ್ರೆಯ ಮೈ ಬರೀ 100 ಪಟ್ಟು. ಬೀಕರಿನಲ್ಲಿ ತಾನಾಗಿ ತಣಿಯುತ್ತಿದ್ದದ್ದು ದೊಡ್ಡ ಪಾತ್ರೆಯಲ್ಲಿ ಕಾದು ಕೆಡುತ್ತದೆ. ಸಾಧನಗಳಿಗೂ ಇಂಥದ್ದೇ ಪೇಚು: ಲ್ಯಾಬಿನ ಹವಾನಿಯಂತ್ರಿತ ಕೋಣೆಯಲ್ಲಿ ಸರಿಯಾಗಿ ಓದುವ ಸೆನ್ಸರ್, ಧೂಳು, ಸೆಕೆ, ವಿದ್ಯುತ್ ಏರುಪೇರಿನ ನಡುವೆ ತಪ್ಪು ಓದುತ್ತದೆ.

ಇಲ್ಲಿ ಮಾಡಬೇಕಾದದ್ದು: ನಿಮ್ಮ ಬರಹವನ್ನಷ್ಟೇ ಕೊಟ್ಟು ಬೇರೆ ಲ್ಯಾಬಿನವರಿಂದ ಪ್ರಯೋಗ ಮಾಡಿಸಿ. ಅವರಿಗೆ ಒದಗದಿದ್ದರೆ, ನಿಮ್ಮ ಕೈ ಬಲ್ಲ ಯಾವುದೋ ಸಂಗತಿ ಬರಹಕ್ಕೆ ಇಳಿದಿಲ್ಲ. ಬಳಕೆಯ ಜಾಗದಲ್ಲೇ ಪರೀಕ್ಷಿಸಿ, ಕೆಟ್ಟ ಫಲಿತಾಂಶಗಳನ್ನೂ ದಾಖಲಿಸಿ. ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಅಳೆಯಲು ನಾಸಾ ರೂಪಿಸಿದ 1ರಿಂದ 9ರ ಮಾಪಕ ಬಹಳ ಕಡೆ ಬಳಕೆಯಲ್ಲಿದೆ. ಲ್ಯಾಬಿನ ಕೆಲಸ ಸಾಮಾನ್ಯವಾಗಿ 3–4ರ ಸುಮಾರಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಮೆಟ್ಟಿಲುಗಳಲ್ಲಿ ಪ್ರಬಂಧವೂ ಹುಟ್ಟುವುದಿಲ್ಲ, ಲಾಭವೂ ಕಾಣುವುದಿಲ್ಲ. ಹಾಗಾಗಿ ಹಣ ಕೊಡುವವರು ಕಡಿಮೆ. ಅದಕ್ಕೆಂದೇ ಪ್ರತ್ಯೇಕ ಅನುದಾನಕ್ಕೆ ಅರ್ಜಿ ಹಾಕಬೇಕು.

ಹಂತ 5: ಒಪ್ಪಂದದಲ್ಲಿ ಬಡವರ ಪಾಲು

ಕಂಪನಿಗೆ ಪರವಾನಗಿ ಕೊಟ್ಟರೂ ಸರಿ, ನೀವೇ ಸ್ಟಾರ್ಟ್‌ಅಪ್ ಕಟ್ಟಿದರೂ ಸರಿ, ವಿಶ್ವವಿದ್ಯಾಲಯದೊಂದಿಗಿನ ಕರಾರನ್ನು ಸಾಲು ಸಾಲಾಗಿ ಓದಿ. ಏಡ್ಸ್ ಔಷಧ ಸ್ಟಾವುಡಿನ್‌ನ ಪೇಟೆಂಟ್ ಯೇಲ್ ವಿಶ್ವವಿದ್ಯಾಲಯದ್ದಾಗಿತ್ತು, ಪರವಾನಗಿ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯದ್ದಾಗಿತ್ತು. 2001ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಅಗ್ಗದ ಜೆನೆರಿಕ್ ಔಷಧ ತರಿಸಲು ‘ಗಡಿರಹಿತ ವೈದ್ಯರು’ ಸಂಸ್ಥೆ ಯೇಲ್‌ನ ಅನುಮತಿ ಕೇಳಿದಾಗ, ಕಂಪನಿಯೊಂದಿಗಿನ ಕರಾರು ಅಡ್ಡಬಂತು. ವಿದ್ಯಾರ್ಥಿಗಳು ದನಿ ಎತ್ತಿದರು, ಔಷಧದ ಸಂಶೋಧಕ ವಿಲಿಯಂ ಪ್ರುಸಾಫ್ ಕೂಡ ವಿದ್ಯಾರ್ಥಿಗಳ ಪರ ನಿಂತರು. ಕೊನೆಗೆ ಕಂಪನಿ ಅಲ್ಲಿ ಪೇಟೆಂಟ್ ಹಕ್ಕು ಚಲಾಯಿಸುವುದಿಲ್ಲವೆಂದು ಘೋಷಿಸಿ ಬೆಲೆ ಇಳಿಸಿತು.

ಆ ಹೋರಾಟದ ಪಾಠವನ್ನು ಮೊದಲ ದಿನವೇ ಕರಾರಿಗೆ ಸೇರಿಸಿ: ಬಡ ದೇಶಗಳಿಗೆ ಕಡಿಮೆ ಬೆಲೆ, ನಿಗದಿತ ಅವಧಿಯಲ್ಲಿ ಕೆಲಸ ಸಾಗದಿದ್ದರೆ ಹಕ್ಕು ವಾಪಸ್, ಬೋಧನೆ ಮತ್ತು ಮುಂದಿನ ಸಂಶೋಧನೆಗೆ ಮುಕ್ತ ಬಳಕೆ.

ಹಂತ 6: ಕಲಿಸಿ, ಬಳಸುತ್ತಿದ್ದಾರೆಯೇ ನೋಡಿ

ಭೇದಿಗೆ ಉಪ್ಪು–ಸಕ್ಕರೆಯ ದ್ರಾವಣ ಕುಡಿಸಿದರೆ ಜೀವ ಉಳಿಯುತ್ತದೆಂದು ಢಾಕಾದ ಕಾಲರಾ ಸಂಶೋಧನಾಲಯ 1968ರಲ್ಲೇ ತೋರಿಸಿತ್ತು. ಮನೆಮನೆಗೆ ಅದನ್ನು ಒಯ್ದದ್ದು ಬಾಂಗ್ಲಾದೇಶದ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ. 1980ರಿಂದ 1990ರ ನಡುವೆ ಅದರ ಕಾರ್ಯಕರ್ತೆಯರು ಸುಮಾರು 1.2 ಕೋಟಿ ಮನೆಗಳಿಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅಳತೆಯ ನೀರು ಎಂದು ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಎಷ್ಟು ಮನೆಗೆ ಹೋದರು ಎಂಬುದಕ್ಕೆ ಸಂಬಳವಿರಲಿಲ್ಲ. ಆಮೇಲೆ ಪರಿಶೀಲಿಸಲು ಬಂದವರಿಗೆ ತಾಯಂದಿರು ಎಷ್ಟು ಸರಿಯಾಗಿ ಹೇಳುತ್ತಾರೆ ಎಂಬುದರ ಮೇಲೆ ಸಂಬಳ. ಆದರೂ ಮೊದಮೊದಲು ಕಲಿತವರು ಬಳಸುತ್ತಿರಲಿಲ್ಲ. ವಿಚಾರಿಸಿದಾಗ, ಕಲಿಸುವವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲವೆಂದು ತಿಳಿಯಿತು. ಆಗ ದ್ರಾವಣ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಅವರಿಗೆ ವಿವರಿಸಲಾಯಿತು, ಮನೆಯ ಗಂಡಸರನ್ನೂ ಮಾತುಕತೆಗೆ ಸೇರಿಸಿಕೊಳ್ಳಲಾಯಿತು.

ಇಂಥ ವಿಚಾರಣೆಗೆ ಜನ ಬೇಕು, ಓಡಾಟದ ಖರ್ಚು ಬೇಕು. ಅನುದಾನದ ಮೊದಲ ಅರ್ಜಿಯಲ್ಲೇ ಅದಕ್ಕೊಂದು ಬಾಬತ್ತು ಕೇಳಿ, ವಸ್ತು ಜನರ ಕೈಸೇರಿದ ಆರು ತಿಂಗಳ ಮೇಲೆ ಯಾರು ಹೋಗಿ ನೋಡಿಬರಬೇಕೆಂದು ಹೆಸರು ಹಾಕಿಯೇ ಬರೆಯಿರಿ.